ಸೀಟಿ ತುಟಿಗೆ ಅಂಟಿಕೊಂಡ ದಿನ

ಕೇಳುಗರೆಲ್ಲರಿಗೂ ನಮಸ್ಕಾರ.

ನಿಮ್ಮ ಮನೆ ಫ್ರಿಜ್ಜಿನಲ್ಲಿ ಐಸ್ ಕಟ್ಟುವ ಫ್ರೀಜರ್ ಇದೆಯಲ್ಲ, ಅದರೊಳಗಿನ ಚಳಿ ಸುಮಾರು ಮೈನಸ್ 18 ಡಿಗ್ರಿ ಸೆಲ್ಸಿಯಸ್. ಐಸ್ ಟ್ರೇ ತೆಗೆಯುವಾಗ ಒದ್ದೆ ಬೆರಳು ಅದಕ್ಕೆ ಅಂಟಿಕೊಳ್ಳುವುದು ಎಲ್ಲರಿಗೂ ಗೊತ್ತು, ಅಲ್ವಾ? ನಾನು ಇವತ್ತು ಹೇಳುವ ಆಟ ನಡೆದದ್ದು ಅದಕ್ಕಿಂತ ಜಾಸ್ತಿ ಚಳಿಯಲ್ಲಿ. ಮೈನಸ್ 25. ಜೊತೆಗೆ ಗಾಳಿ. ಅದೂ ಬಯಲಲ್ಲಿ, ತಲೆ ಮೇಲೆ ಸೂರಿಲ್ಲದೆ, 50,861 ಜನರ ಮುಂದೆ.

1967ರ ಡಿಸೆಂಬರ್ 31, ಭಾನುವಾರ. ಊರು ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಗ್ರೀನ್ ಬೇ. ಮೈದಾನ ಲ್ಯಾಂಬೋ ಫೀಲ್ಡ್. ಒಂದು ಕಡೆ ಊರಿನ ತಂಡ ಗ್ರೀನ್ ಬೇ ಪ್ಯಾಕರ್ಸ್, ಇನ್ನೊಂದು ಕಡೆ ಬಿಸಿಲ ನಾಡು ಟೆಕ್ಸಾಸಿನಿಂದ ಬಂದ ಡಲ್ಲಾಸ್ ಕೌಬಾಯ್ಸ್. ಅಮೆರಿಕನ್ ಫುಟ್‌ಬಾಲಿನ ಲೀಗ್ ಎನ್‌ಎಫ್‌ಎಲ್‌ನ ಚಾಂಪಿಯನ್‌ಶಿಪ್ ಫೈನಲ್. ಜನ ಅದನ್ನು ಇವತ್ತಿಗೂ ಐಸ್ ಬೌಲ್ ಅಂತಲೇ ಕರೆಯುತ್ತಾರೆ.

ನನಗೆ ಈ ಆಟ ಗೊತ್ತಾದದ್ದು ಪಕ್ಕದ ಮನೆಯವರಿಂದ. ಕೆಲಸಕ್ಕೆ ಅಂತ ಈ ರಾಜ್ಯಕ್ಕೆ ಬಂದ ಮೊದಲ ವರ್ಷ, ಬಾಗಿಲ ಮುಂದಿನ ಹಿಮ ಎತ್ತಿಹಾಕಲು ಆಗದೆ ನಿಂತಿದ್ದೆ. ಅವರು ಸಲಿಕೆ ಹಿಡಿದು ಬಂದು, ಅರ್ಧ ಗಂಟೆಯಲ್ಲಿ ದಾರಿ ಬಿಡಿಸಿಕೊಟ್ಟು, ಕಾಫಿಗೆ ಬಾ ಅಂತ ಮನೆಗೆ ಕರೆದುಕೊಂಡು ಹೋದರು. ಅಡುಗೆಮನೆಯಲ್ಲಿ ಕೂತು "ಇದೇನು ಚಳಿ, ಐಸ್ ಬೌಲ್ ದಿನದ ಚಳಿ ಕೇಳು" ಅಂತ ಶುರು ಮಾಡಿದರು. ಎರಡು ಗಂಟೆ ಹೋದದ್ದು ಗೊತ್ತಾಗಲಿಲ್ಲ. ಆ ದಿನ ಅವರಿಗೆ 9 ವರ್ಷ. ಅಪ್ಪ ಮತ್ತು ದೊಡ್ಡಪ್ಪ ಟಿಕೆಟ್ ಹಿಡಿದು ಮೈದಾನಕ್ಕೆ ಹೋಗಿದ್ದರು. ಇವರು ಅಜ್ಜನ ಜೊತೆ ಹಳ್ಳಿಯಲ್ಲೇ ಉಳಿದರು, ಹಸುಗಳನ್ನು ನೋಡಿಕೊಳ್ಳಲು ಯಾರಾದರೂ ಬೇಕಲ್ಲ. ಆಟ ಪೂರ್ತಿ ಕೇಳಿದ್ದು ಕೊಟ್ಟಿಗೆಯಲ್ಲಿ. ಗೋಡೆಯ ಹಲಗೆ ಮೇಲೆ ಒಂದು ರೇಡಿಯೋ, ಅದರ ಮೇಲೆ ಹುಲ್ಲಿನ ಧೂಳು. ಹೊರಗೆ ಉಗುಳಿದರೆ ಗಟ್ಟಿಯಾಗುವ ಚಳಿ, ಒಳಗೆ ಹಸುಗಳ ಉಸಿರಿನಿಂದಲೇ ಬೆಚ್ಚಗೆ. ಕೈ ತಣ್ಣಗಾದಾಗ ಹಸುವಿನ ಹೊಟ್ಟೆಗೆ ಒತ್ತಿ ಹಿಡಿಯುತ್ತಿದ್ದರಂತೆ.

ಮೊದಲು ಈ ಆಟ ಏನು ಅಂತ ಎರಡು ಮಾತು. ಇದು ನಾವು ಕಾಲಲ್ಲಿ ಒದ್ದು ಆಡುವ ಫುಟ್‌ಬಾಲ್ ಅಲ್ಲ. ಚೆಂಡು ಎರಡು ತುದಿಯಲ್ಲೂ ಚೂಪು. ಮೈದಾನ 100 ಗಜ. ಚೆಂಡು ಹಿಡಿದ ತಂಡಕ್ಕೆ ನಾಲ್ಕು ಅವಕಾಶ, ಅಷ್ಟರಲ್ಲಿ 10 ಗಜ ಮುಂದೆ ಹೋದರೆ ಮತ್ತೆ ನಾಲ್ಕು ಸಿಗುತ್ತದೆ. ಎದುರಾಳಿಯ ಕೊನೆಯ ಗೆರೆ ದಾಟಿಸಿದರೆ ಟಚ್‌ಡೌನ್, 6 ಅಂಕ. ಮೇಲೊಂದು ಒದ್ದು ಗಳಿಸಬಹುದು. ದೂರದಿಂದ ಕಂಬಗಳ ನಡುವೆ ಒದ್ದರೆ 3. ಕಬಡ್ಡಿಯಲ್ಲಿ ನಾಲ್ಕು ಜನ ಕಾಲು ಸೊಂಟ ಹಿಡಿದು ಕೆಡವಿದಾಗ ನಡುಗೆರೆ ಮುಟ್ಟಲು ಮೈಯೆಲ್ಲ ಉದ್ದ ಮಾಡುತ್ತೇವಲ್ಲ, ಆ ಕ್ಷಣ ನಿಮಗೆ ಗೊತ್ತಿದ್ದರೆ ಸಾಕು, ಈ ಆಟವೂ ಗೊತ್ತು.

ಪ್ಯಾಕರ್ಸ್ ಕೋಚ್ ವಿನ್ಸ್ ಲೊಂಬಾರ್ಡಿ. ಈಗ ಸೂಪರ್ ಬೌಲ್, ಅಂದರೆ ಈ ಆಟದ ಅತಿ ದೊಡ್ಡ ಫೈನಲ್, ಗೆದ್ದವರಿಗೆ ಕೊಡುವ ಟ್ರೋಫಿಗೆ ಅವರದೇ ಹೆಸರು. ಚಳಿಗಾಲದಲ್ಲಿ ನೆಲ ಕಲ್ಲಾಗಬಾರದು ಅಂತ ಅವರು ಆ ವರ್ಷ 80,000 ಡಾಲರ್ ಖರ್ಚು ಮಾಡಿಸಿ ಹುಲ್ಲಿನ ಕೆಳಗೆ ಕರೆಂಟಿನ ತಂತಿ ಹಾಸಿ ಬಿಸಿ ಮಾಡುವ ಏರ್ಪಾಡು ಮಾಡಿದ್ದರು. ರಾತ್ರಿಯೆಲ್ಲ ಮೇಲೆ ಟಾರ್ಪಾಲು ಹೊದಿಸಿದ್ದರು. ಬೆಳಿಗ್ಗೆ ತೆಗೆದಾಗ ಕೆಳಗೆ ತೇವ ಕಟ್ಟಿತ್ತು. ಆ ತೇವಕ್ಕೆ ಗಾಳಿ ತಗುಲಿತು, ಅಷ್ಟೇ. ಹುಲ್ಲು ಹೆಪ್ಪುಗಟ್ಟಿ ಮೈದಾನ ಗಾಜಿನ ಹಾಗೆ ಜಾರತೊಡಗಿತು.

ರೆಫರಿ ನಾರ್ಮ್ ಶಾಕ್ಟರ್ ಲೋಹದ ಸೀಟಿ ಊದಿ ಆಟ ಶುರು ಮಾಡಿದರು. ಸೀಟಿ ತುಟಿಗೆ ಅಂಟಿಕೊಂಡಿತು. ಎಳೆದಾಗ ಚರ್ಮ ಕಿತ್ತು ಬಂತು. ಆಮೇಲೆ ಆ ದಿನ ಸೀಟಿಯೇ ಇಲ್ಲ, ಕೂಗಿ ಕೂಗಿಯೇ ಆಟ ನಡೆಸಿದರು. ಅರ್ಧ ವಿರಾಮಕ್ಕೆ ನುಡಿಸಬೇಕಿದ್ದ ಲಾ ಕ್ರಾಸ್ ಕಾಲೇಜಿನ ಬ್ಯಾಂಡಿನ ಮಕ್ಕಳಿಗೂ ಇದೇ ಗತಿ. ತುತ್ತೂರಿಗಳು ತುಟಿಗೆ ಅಂಟಿದವು, 7 ಜನರನ್ನು ಆಸ್ಪತ್ರೆಗೆ ಸೇರಿಸಬೇಕಾಯಿತು, ಬ್ಯಾಂಡ್ ಕಾರ್ಯಕ್ರಮ ರದ್ದು.

ಈ ಎರಡು ತಂಡಗಳ ಲೆಕ್ಕ ಹಳೆಯದು. ಅದೇ ವರ್ಷದ ಜನವರಿ 1ಕ್ಕೆ ಹಿಂದಿನ ಸೀಸನ್ನಿನ ಫೈನಲ್ ಡಲ್ಲಾಸ್‌ನಲ್ಲಿ ನಡೆದಿತ್ತು. ಪ್ಯಾಕರ್ಸ್ 34–27ರಲ್ಲಿ ಗೆದ್ದಿದ್ದರು. ವರ್ಷದ ಮೊದಲ ದಿನ ಅಲ್ಲಿ ಸೋತವರು ಕೊನೆಯ ದಿನ ಇಲ್ಲಿಗೆ ಬಂದಿದ್ದಾರೆ. ಕೊಟ್ಟಿಗೆಯಲ್ಲಿದ್ದ ಹುಡುಗನಿಗೆ ಇದು ಬಾಯಿಪಾಠ.

ಶುರುವಿನಲ್ಲಿ ಸುಲಭ ಅನ್ನಿಸಿತು. ಪ್ಯಾಕರ್ಸ್ ಕ್ವಾರ್ಟರ್‌ಬ್ಯಾಕ್, ಅಂದರೆ ಚೆಂಡು ಎಸೆದು ಆಟ ನಡೆಸುವ ಆಟಗಾರ, ಬಾರ್ಟ್ ಸ್ಟಾರ್ ಎಸೆದ ಎರಡು ಪಾಸುಗಳನ್ನು ಬಾಯ್ಡ್ ಡೌಲರ್ ಹಿಡಿದರು. 14–0. ಆಮೇಲೆ ಚಳಿ ತನ್ನ ಆಟ ಆಡಿತು. ಸ್ಟಾರ್ ಕೈಯಿಂದ ಚೆಂಡು ಜಾರಿತು, ಡಲ್ಲಾಸಿನ ಜಾರ್ಜ್ ಆಂಡ್ರಿ ಎತ್ತಿಕೊಂಡು ಓಡಿ ಟಚ್‌ಡೌನ್ ಮಾಡಿದರು. ಪ್ಯಾಕರ್ಸ್‌ನ ವಿಲ್ಲಿ ವುಡ್ ಕೈಯಿಂದಲೂ ಜಾರಿತು, ಅದರಿಂದ ಡಲ್ಲಾಸ್‌ಗೆ ಇನ್ನು 3 ಅಂಕ. 14–10. ಕಲ್ಲಿನಂಥ ಚೆಂಡು, ಮರಗಟ್ಟಿದ ಬೆರಳು, ಯಾರನ್ನು ಬೈಯುವುದು? ಸ್ಟಾರ್ ಅವರನ್ನು ಆ ದಿನ 8 ಸಲ ಚೆಂಡಿನ ಸಮೇತ ನೆಲಕ್ಕೆ ಕೆಡವಿದರು. ಆ ನೆಲದ ಮೇಲೆ ಬೀಳುವುದು ಅಂದರೆ ಡಾಂಬರು ರಸ್ತೆ ಮೇಲೆ ಬಿದ್ದ ಹಾಗೆ.

ನಮ್ಮ ಪಕ್ಕದ ಮನೆಯವರಿಗೆ ಇಷ್ಟವಾದ ಕಥೆ ಬಾಬ್ ಹೇಯ್ಸ್ ಅವರದು. ಹೇಯ್ಸ್ 1964ರ ಟೋಕಿಯೋ ಒಲಿಂಪಿಕ್ಸ್‌ನಲ್ಲಿ 100 ಮೀಟರ್ ಚಿನ್ನ ಗೆದ್ದವರು, ಹುಟ್ಟಿ ಬೆಳೆದದ್ದು ಸೆಕೆಯ ಫ್ಲಾರಿಡಾದಲ್ಲಿ. ಡಲ್ಲಾಸ್ ತಂಡದ ಅತಿ ವೇಗದ ಓಟಗಾರ. ಚೆಂಡು ತನ್ನ ಕಡೆ ಬರುವುದಿಲ್ಲ ಅಂತ ಗೊತ್ತಿದ್ದಾಗ ಅವರು ಎರಡೂ ಕೈಯನ್ನು ಪ್ಯಾಂಟಿನೊಳಗೆ ಇಟ್ಟು ನಿಲ್ಲುತ್ತಿದ್ದರು. ಕೈ ಹೊರಗೆ ಬಂತು ಅಂದರೆ ಚೆಂಡು ಆ ಕಡೆ! ಪ್ಯಾಕರ್ಸ್ ಆಟಗಾರರಿಗೆ ಗುಟ್ಟು ತಿಳಿದುಹೋಯಿತು. ಇನ್ನೊಂದು ಕಥೆ ಡೇವ್ ರಾಬಿನ್‌ಸನ್ ಅವರದು. ಕೈಗವಸು ಹಾಕಬಾರದು ಅಂತ ಲೊಂಬಾರ್ಡಿ ಹೇಳಿದ್ದರು. ರಾಬಿನ್‌ಸನ್ ಕಪ್ಪು ವರ್ಣೀಯರು, ಅವರು ಕಂದು ಬಣ್ಣದ ಗವಸು ಕೇಳಿ ಹಾಕಿಕೊಂಡರಂತೆ, ಕೋಚ್ ಕಣ್ಣಿಗೆ ಬೀಳದ ಹಾಗೆ.

ನಾಲ್ಕನೇ, ಅಂದರೆ ಕೊನೆಯ, ಕ್ವಾರ್ಟರಿನ ಮೊದಲ ಆಟಕ್ಕೇ ಏಟು ಬಿತ್ತು. ಡಲ್ಲಾಸಿನ ಡ್ಯಾನ್ ರೀವ್ಸ್ ಚೆಂಡು ಹಿಡಿದು ಓಡುವವರ ಹಾಗೆ ಹೊರಟು ತಟ್ಟನೆ ನಿಂತು ಎಸೆದರು. ಲ್ಯಾನ್ಸ್ ರೆಂಟ್ಸೆಲ್ ಹಿಡಿದರು. 50 ಗಜ. 17–14, ಈಗ ಡಲ್ಲಾಸ್ ಮುಂದೆ. ಕೊಟ್ಟಿಗೆಯಲ್ಲಿ ಅಜ್ಜ ಮಾತಾಡದೆ ಸಗಣಿ ಗುಡಿಸತೊಡಗಿದರು. ಗುಡಿಸಿದ ಜಾಗವನ್ನೇ ಮತ್ತೆ ಗುಡಿಸುತ್ತಿದ್ದರಂತೆ.

ಇನ್ನು ಉಳಿದದ್ದು 4 ನಿಮಿಷ 50 ಸೆಕೆಂಡು. ಚೆಂಡು ಪ್ಯಾಕರ್ಸ್ ಕೈಯಲ್ಲಿ, ಹೋಗಬೇಕಾದ್ದು 68 ಗಜ. ಇಲ್ಲಿಂದ ಮುಂದೆ ಪಕ್ಕದ ಮನೆಯವರು ಕುರ್ಚಿಯಲ್ಲಿ ಕೂರುವುದಿಲ್ಲ, ಎದ್ದು ನಿಲ್ಲುತ್ತಾರೆ. ಡಾನಿ ಆಂಡರ್ಸನ್ ಒಂದಿಷ್ಟು, ಚಕ್ ಮರ್ಸೀನ್ ಒಂದಿಷ್ಟು. ಈ ಮರ್ಸೀನ್ ನ್ಯೂಯಾರ್ಕ್ ಜೈಂಟ್ಸ್ ಬೇಡ ಅಂತ ಬಿಟ್ಟ ಹುಡುಗ, ಸೀಸನ್ ನಡುವೆ ಪ್ಯಾಕರ್ಸ್ ಸೇರಿದವರು. ಆ 68 ಗಜಗಳಲ್ಲಿ 34 ಅವರೊಬ್ಬರದೇ. ಗೆರೆಗೆ ಒಂದು ಗಜ ಇರುವಾಗ ಆಂಡರ್ಸನ್ ಎರಡು ಸಲ ನುಗ್ಗಿದರು, ಎರಡು ಸಲವೂ ಕಾಲು ಜಾರಿ ಆಗಲಿಲ್ಲ. 16 ಸೆಕೆಂಡು. ಕೊನೆಯ ಟೈಮ್‌ಔಟ್ ತೆಗೆದುಕೊಂಡರು.

ಒದ್ದು 3 ಅಂಕ ತೆಗೆದಿದ್ದರೆ ಸಮ ಆಗುತ್ತಿತ್ತು, ಆಟ ಮುಂದುವರಿಯುತ್ತಿತ್ತು. ಆ ಚಳಿಯಲ್ಲಿ ಇನ್ನೂ ಆಡುವುದೇ? ನುಗ್ಗಿ ಸೋತರೆ ಮತ್ತೆ ಸಾಲು ಕಟ್ಟುವಷ್ಟು ಹೊತ್ತೂ ಇಲ್ಲ. ಸ್ಟಾರ್ ಮೊದಲು, ಮುಂದೆ ನಿಂತು ಎದುರಾಳಿಗಳನ್ನು ದಬ್ಬಿ ದಾರಿ ಮಾಡಿಕೊಡುವ ಜೆರ್ರಿ ಕ್ರೇಮರ್ ಅವರನ್ನು ಕೇಳಿದರು, ಕಾಲಿಗೆ ಹಿಡಿತ ಸಿಗುತ್ತಾ ಅಂತ. ಸಿಗುತ್ತೆ ಅಂದರು. ಆಮೇಲೆ ಮೈದಾನದ ಪಕ್ಕದಲ್ಲಿ ನಿಂತಿದ್ದ ಲೊಂಬಾರ್ಡಿ ಹತ್ತಿರ ಹೋಗಿ, ಓಡುವವರು ಜಾರುತ್ತಿದ್ದಾರೆ, ಚೆಂಡು ನಾನೇ ಇಟ್ಟುಕೊಂಡು ನುಗ್ಗುತ್ತೇನೆ ಅಂದರು. ಹಾಗಾದರೆ ನುಗ್ಗು, ಮುಗಿಸಿ ಹೊರಡೋಣ ಅಂದರು ಲೊಂಬಾರ್ಡಿ. ತಂಡದ ಉಳಿದವರಿಗೆ ಸ್ಟಾರ್ ಇದನ್ನು ಹೇಳಲಿಲ್ಲ. ಚೆಂಡು ತನಗೇ ಬರುತ್ತೆ ಅಂತ ಮರ್ಸೀನ್ ಹಿಂದೆ ತಯಾರಾಗಿ ನಿಂತಿದ್ದರು.

ಇಲ್ಲಿಗೆ ಬಂದಾಗ, ಮೊಣಕಾಲು ನೋವಿನ ಆ ಮನುಷ್ಯ ಒಂದು ಕೈ ಅಡುಗೆಮನೆಯ ನೆಲಕ್ಕೂರಿ ಬಗ್ಗುತ್ತಾರೆ. ಕಾಲುಚೀಲದ ತುದಿಯಿಂದ ನೆಲ ಕೆರೆಯುತ್ತಾರೆ, ಹಿಡಿತ ಹುಡುಕುವ ಹಾಗೆ. ಅವರ ಹೆಂಡತಿ ಮಾತಿಲ್ಲದೆ ಕುರ್ಚಿಯನ್ನು ಪಕ್ಕಕ್ಕೆ ಎಳೆದು ಜಾಗ ಮಾಡಿಕೊಡುತ್ತಾರೆ. ಕ್ರೇಮರ್ ಮತ್ತು ಕೆನ್ ಬೋಮನ್ ಇಬ್ಬರೂ ಒಟ್ಟಿಗೆ ಡಲ್ಲಾಸಿನ ಜೆತ್ರೋ ಪ್ಯೂ ಅವರನ್ನು ಹಿಂದಕ್ಕೆ ದಬ್ಬಿದರು. ಆ ಸಂದಿಯಲ್ಲಿ ಸ್ಟಾರ್ ಬಿದ್ದರು. ಗೆರೆಯ ಆಚೆಗೆ ಬಿದ್ದರು! 13 ಸೆಕೆಂಡು ಬಾಕಿ. ಕೊನೆಗೆ 21–17.

ಆ ಕ್ಷಣದ ಒಂದು ಫೋಟೋ ಇದೆ, ಮರ್ಸೀನ್ ಎರಡೂ ಕೈ ಮೇಲೆತ್ತಿರುವುದು. ಗೆದ್ದ ಖುಷಿ ಅಂತ ನಾನೂ ಅಂದುಕೊಂಡಿದ್ದೆ. ಅಲ್ಲ. ಹಿಂದಿನಿಂದ ತಳ್ಳಿ ಸಹಾಯ ಮಾಡುವುದು ಆಗ ನಿಯಮಕ್ಕೆ ವಿರುದ್ಧವಾಗಿತ್ತು, ನಾನು ಮುಟ್ಟಿಲ್ಲ ನೋಡಿ ಅಂತ ರೆಫರಿಗೆ ತೋರಿಸಲು ಎತ್ತಿದ ಕೈ ಅದು. ಕ್ರೇಮರ್ ಒಂದು ಚೂರು ಮೊದಲೇ ಅಲುಗಾಡಿದರು, ಅದು ತಪ್ಪು ಅಂತ ಡಲ್ಲಾಸ್ ಕಡೆಯವರು ಇವತ್ತಿಗೂ ಹೇಳುತ್ತಾರೆ. ಅಲ್ಲಿಯೂ ಆ ದಿನ ಮಕ್ಕಳಿದ್ದರು ತಾನೇ, ಅವರೂ ಅದೇ ಗಜವನ್ನು ನೆನೆನೆನೆದು ಬೆಳೆದಿರುತ್ತಾರೆ, ನೋವಿನಿಂದ. ಕ್ರೇಮರ್ ಈ ಆಟದ ದಿಗ್ಗಜರ ಗೌರವಪಟ್ಟಿಯಾದ ಹಾಲ್ ಆಫ್ ಫೇಮ್ ಸೇರಲು 2018ರವರೆಗೆ ಕಾಯಬೇಕಾಯಿತು. ಆ ಸುದ್ದಿ ಬಂದ ದಿನ ಪಕ್ಕದ ಮನೆಯವರು ನಮ್ಮ ಬಾಗಿಲು ತಟ್ಟಿ ಹೇಳಿ ಹೋದರು, ಮನೆಯಲ್ಲಿ ಮದುವೆ ನಿಶ್ಚಯವಾದ ಹಾಗೆ.

ಈಗ ನಿಜವಾಗಿ ಹೇಳಬೇಕಾದ್ದಕ್ಕೆ ಬರುತ್ತೇನೆ. ಕೋಟಿಗಟ್ಟಲೆ ಜನ ಟಿವಿಯಲ್ಲಿ ನೋಡಿದ ಆಟ ಇದು. ಆದರೆ ಆ ದಿನದ ಟಿವಿ ಪ್ರಸಾರ ಪೂರ್ತಿಯಾಗಿ ಎಲ್ಲಿಯೂ ಉಳಿದಿಲ್ಲ. ಅಲ್ಲೊಂದು ಇಲ್ಲೊಂದು ತುಣುಕು, ಅಷ್ಟೇ. ಉಳಿದದ್ದು ರೇಡಿಯೋ. ಮಿಲ್ವಾಕಿಯ ರೇಡಿಯೋ ಕೇಂದ್ರಕ್ಕೆ ಟೆಡ್ ಮೂರ್ ಕೊಟ್ಟ ವೀಕ್ಷಕ ವಿವರಣೆ ಇದೆ, ಡಲ್ಲಾಸ್ ಕಡೆಯ ಬಿಲ್ ಮರ್ಸರ್ ಕೊಟ್ಟದ್ದೂ ಇದೆ. ಗೆದ್ದವರ ದನಿ, ಸೋತವರ ದನಿ, ಎರಡೂ ಇವೆ.

ಇದನ್ನು ಕೇಳಿದಾಗ ನನಗೆ 1983ರ ಜೂನ್ 18 ನೆನಪಾಯಿತು. ಟನ್‌ಬ್ರಿಜ್ ವೆಲ್ಸ್, ಜಿಂಬಾಬ್ವೆ ಎದುರು 17ಕ್ಕೆ 5 ವಿಕೆಟ್. ಕಪಿಲ್ ದೇವ್ 175 ನಾಟ್ ಔಟ್. ಇನ್ನೊಂದು ತುದಿಯಲ್ಲಿ ನಮ್ಮ ಬೆಂಗಳೂರಿನ ಸಯ್ಯದ್ ಕಿರ್ಮಾನಿ 24 ನಾಟ್ ಔಟ್, ಒಂಬತ್ತನೇ ವಿಕೆಟ್‌ಗೆ ಮುರಿಯದ 126 ರನ್. ಅದರದೂ ವಿಡಿಯೋ ಇಲ್ಲ. ನಮ್ಮ ಮಾವಂದಿರು, ಚಿಕ್ಕಪ್ಪಂದಿರು ಆ ಸಿಕ್ಸರ್‌ಗಳನ್ನು ಕೈಯಲ್ಲಿ ಹೊಡೆದು ತೋರಿಸುತ್ತಿದ್ದರಲ್ಲ, ನಾವು ನೋಡಿದ್ದು ಅದನ್ನೇ. ಇಲ್ಲಿ ಈ ಮನುಷ್ಯ ಅಡುಗೆಮನೆಯ ನೆಲದ ಮೇಲೆ ಬಗ್ಗುವುದೂ ಅದೇ. ಟೇಪು ಇದ್ದಿದ್ದರೆ ಇಷ್ಟು ಜನ ಇಷ್ಟು ವರ್ಷ ಮೈಯಲ್ಲಿ ಅದನ್ನು ಕಾಪಾಡುತ್ತಿದ್ದರೋ ಇಲ್ಲವೋ, ನನಗೆ ಅನುಮಾನ. ಐಸ್ ಬೌಲ್ ಆಗಿ ಎರಡು ವಾರದ ನಂತರ ಪ್ಯಾಕರ್ಸ್ ಇನ್ನೊಂದು ಲೀಗಿನ ಚಾಂಪಿಯನ್ ಓಕ್ಲೆಂಡ್ ತಂಡವನ್ನು 33–14ರಲ್ಲಿ ಸೋಲಿಸಿ ಸೂಪರ್ ಬೌಲ್ ಗೆದ್ದರು. ಅದರ ಬಗ್ಗೆ ಅವರು ನನಗೆ ಒಂದೇ ಒಂದು ಸಲವೂ ಹೇಳಿಲ್ಲ.

ಅವರು ಕೊನೆಗೆ ಹೇಳುವುದು ಆ ಸಂಜೆಯ ಮಾತು. ರೇಡಿಯೋದಲ್ಲಿ ಗೆದ್ದರು ಅಂತ ಕೇಳಿದಾಗ ಅಜ್ಜ ಹತ್ತಿರದ ಹಸುವಿನ ಬೆನ್ನ ಮೇಲೆ ಕೈಯಿಟ್ಟು ಸ್ವಲ್ಪ ಹೊತ್ತು ಸುಮ್ನೆ ನಿಂತರು, ಆಮೇಲೆ ಹಾಲು ಕರೆಯಲು ಕೂತರು. ಅಪ್ಪ ಬಂದದ್ದು ಕತ್ತಲಾಗಿ ಬಹಳ ಹೊತ್ತಿಗೆ, ಕಾರು ಸ್ಟಾರ್ಟ್ ಆಗದೆ ಯಾರೋ ತಳ್ಳಿಕೊಟ್ಟರಂತೆ. ಬೇಟೆಗೆ ಹೋಗುವಾಗ ಹಾಕುವ ದಪ್ಪ ಕೋಟು, ಒಳಗೆ ಪದರ ಪದರ ಬಟ್ಟೆ, ಕಿವಿ ಎರಡೂ ಮೇಣದ ಹಾಗೆ ಬೆಳ್ಳಗೆ. ಬೂಟು ಬಿಚ್ಚಲು ಬೆರಳು ಬಗ್ಗುತ್ತಿರಲಿಲ್ಲ, ಮಗನೇ ನೆಲದ ಮೇಲೆ ಕೂತು ದಾರ ಬಿಚ್ಚಿದ. ಅಪ್ಪ ಮೇಲಿನಿಂದ ಹೇಳತೊಡಗಿದರು: "ಒಂದು ಗಜ ಇತ್ತು ನೋಡು, 16 ಸೆಕೆಂಡು ಇತ್ತು…"

"ನನಗೆ ಎಲ್ಲ ಗೊತ್ತಿತ್ತು" ಅನ್ನುತ್ತಾರೆ ಪಕ್ಕದ ಮನೆಯವರು. "ಆದರೂ ಗೊತ್ತಿಲ್ಲದವನ ಹಾಗೆ ಮುಖ ಎತ್ತಿ ಕೇಳಿದೆ, ಆಮೇಲೆ?"

ಪ್ರತಿ ಡಿಸೆಂಬರ್ 31ಕ್ಕೆ ನಾನು ಮಕ್ಕಳನ್ನು ಕರೆದುಕೊಂಡು ಅವರ ಮನೆಗೆ ಹೋಗುತ್ತೇನೆ. ಮನೆಯಲ್ಲಿ ಮಾಡಿದ ಕೋಡುಬಳೆ ಒಂದು ಡಬ್ಬಿ ಒಯ್ಯುತ್ತೇವೆ, ಅವರಿಗೆ ಇಷ್ಟ. ಅವರು ಟೆಡ್ ಮೂರ್ ದನಿ ಹಾಕುತ್ತಾರೆ, ತುಟಿ ಜೊತೆಜೊತೆಗೇ ಆಡುತ್ತಿರುತ್ತದೆ. ಕೊನೆಯ ಟೈಮ್‌ಔಟ್ ಬಂದಾಗ ಅದನ್ನು ನಿಲ್ಲಿಸಿ, ಮುಂದಿನದನ್ನು ತಾವೇ ಹೇಳಲು ನಮ್ಮ ಕಡೆ ತಿರುಗುತ್ತಾರೆ. ಹೋದ ವರ್ಷ ನನಗಿಂತ ಮೊದಲು ನನ್ನ ಚಿಕ್ಕ ಮಗಳೇ ಕೇಳಿಬಿಟ್ಟಳು, "ಆಮೇಲೆ?"