ಮಕ್ಕಳ ಆರೋಗ್ಯ: ಟಾನಿಕ್‌ಗಿಂತ ಮೊದಲು ನಿದ್ದೆ ನೋಡಿ

ನಮಸ್ಕಾರ. "ಮಗು ಸರಿಯಾಗಿ ಊಟ ಮಾಡುತ್ತಿಲ್ಲ, ಯಾವ ಟಾನಿಕ್ ಕೊಡಲಿ?" ಈ ಪ್ರಶ್ನೆ ಕೇಳುವ ಅಪ್ಪ ಅಮ್ಮಂದಿರು ಬಹಳ ಜನ. ರಾತ್ರಿ ಎಷ್ಟು ಗಂಟೆಗೆ ಮಲಗಿಸಬೇಕು ಅಂತ ಕೇಳುವವರು ಕಡಿಮೆ. ನನ್ನನ್ನು ಕೇಳಿದರೆ ಶುರು ಮಾಡಬೇಕಾದದ್ದು ಅಲ್ಲಿಂದಲೇ. ನಿದ್ದೆ ಒಂದು ಹದಕ್ಕೆ ಬಂದರೆ ಊಟ, ಆಟ, ಓದು ಎಲ್ಲವನ್ನೂ ಸರಿಮಾಡುವುದು ಸುಲಭವಾಗುತ್ತದೆ.

[ಪರದೆಯ ಮೇಲೆ: ವಯಸ್ಸು ಮತ್ತು ನಿದ್ದೆಯ ಗಂಟೆಗಳು]

1ರಿಂದ 2 ವರ್ಷದ ಮಗುವಿಗೆ ಹಗಲಿನ ನಿದ್ದೆಯೂ ಸೇರಿ ದಿನಕ್ಕೆ 11ರಿಂದ 14 ಗಂಟೆ ನಿದ್ದೆ ಬೇಕು. 3ರಿಂದ 5 ವರ್ಷದವರಿಗೆ 10ರಿಂದ 13 ಗಂಟೆ. 6ರಿಂದ 12 ವರ್ಷದವರಿಗೆ 9ರಿಂದ 12 ಗಂಟೆ. ಹದಿಹರೆಯದವರಿಗೆ 8ರಿಂದ 10 ಗಂಟೆ. ಈಗ ನಿಮ್ಮ ಮನೆಯ ಲೆಕ್ಕ ಹಾಕಿ ನೋಡಿ. 8 ವರ್ಷದ ಮಗು ರಾತ್ರಿ 11ಕ್ಕೆ ಮಲಗಿ ಬೆಳಿಗ್ಗೆ 6ಕ್ಕೆ ಎದ್ದರೆ ಸಿಕ್ಕಿದ್ದು 7 ಗಂಟೆ. ದಿನಕ್ಕೆ 2 ಗಂಟೆ ಕಡಿಮೆ. ಐದು ದಿನಕ್ಕೆ 10 ಗಂಟೆ, ಅಂದರೆ ಒಂದು ಇಡೀ ರಾತ್ರಿಯ ನಿದ್ದೆಯೇ ಹೋಯಿತು.

ಹೋದರೆ ಏನಾಗುತ್ತದೆ? ಬೆಳವಣಿಗೆಯ ಹಾರ್ಮೋನು ಜಾಸ್ತಿ ಹರಿಯುವುದು ಗಾಢ ನಿದ್ದೆಯಲ್ಲಿ. ಹಗಲು ಕಲಿತದ್ದು ನೆನಪಿನಲ್ಲಿ ಗಟ್ಟಿಯಾಗುವುದೂ ನಿದ್ದೆಯಲ್ಲೇ. ಇನ್ನೊಂದು ವಿಷಯ ತುಂಬಾ ಜನರಿಗೆ ಗೊತ್ತಾಗುವುದಿಲ್ಲ. ನಿದ್ದೆ ಕಡಿಮೆಯಾದರೆ ದೊಡ್ಡವರು ತೂಕಡಿಸುತ್ತಾರೆ. ಚಿಕ್ಕ ಮಕ್ಕಳಲ್ಲಿ ಎಷ್ಟೋ ಸಲ ಇದು ಉಲ್ಟಾ. ಸುಮ್ನೆ ಕೂರುವುದಿಲ್ಲ, ಕುಣಿಯುತ್ತಾರೆ, ಚಿಕ್ಕದಕ್ಕೂ ಹಟ ಹಿಡಿಯುತ್ತಾರೆ. "ಇವನಿಗೆ ಇನ್ನೂ ನಿದ್ದೆಯೇ ಬಂದಿಲ್ಲ" ಅಂತ ನಾವು ಇನ್ನೊಂದು ಗಂಟೆ ಬಿಡುತ್ತೇವೆ. ಅಸಲಿಗೆ ಆ ಮಗು ಮಲಗಬೇಕಾದ ಹೊತ್ತು ಮೀರಿರುತ್ತದೆ.

ಹಾಗಾದರೆ ಬೇಗ ಮಲಗಿಸುವುದು ಹೇಗೆ? ಮಲಗುವ ಹೊತ್ತಿನ ಜೊತೆ ಗುದ್ದಾಡಬೇಡಿ. ಮೊದಲು ಏಳುವ ಹೊತ್ತನ್ನು ಒಂದೇ ಮಾಡಿ. ರಜೆಯ ದಿನವೂ ಒಂದು ಗಂಟೆಗಿಂತ ಜಾಸ್ತಿ ಆಚೀಚೆ ಆಗದಿರಲಿ. ಎದ್ದ ಮೇಲೆ ಬೆಳಕಿಗೆ ಕರೆದುಕೊಂಡು ಬನ್ನಿ. ದೇಹದ ಗಡಿಯಾರ ಹೊಂದಿಕೊಳ್ಳುವುದು ಬೆಳಕಿನಿಂದ. ಸಂಜೆ ಕತ್ತಲಾಗುತ್ತಿದ್ದಂತೆ ಮೆದುಳು ಮೆಲಟೋನಿನ್ ಅನ್ನುವ, ದೇಹವನ್ನು ನಿದ್ದೆಗೆ ಸಿದ್ಧಮಾಡುವ ಹಾರ್ಮೋನನ್ನು ಬಿಡುಗಡೆ ಮಾಡುತ್ತದೆ. ಜೋರು ಬೆಳಕು ಅದನ್ನು ತಡೆಯುತ್ತದೆ. ಅದಕ್ಕೇ ಮಲಗುವ ಒಂದು ಗಂಟೆ ಮೊದಲು ಮನೆಯ ದೀಪ ಸ್ವಲ್ಪ ತಗ್ಗಿಸಿ. ಟಿವಿ, ಫೋನು ಬಂದ್. ಫೋನು ಅಂದರೆ ನಿಮ್ಮದೂ ಸೇರಿ. ಮಗುವಿನ ಪಕ್ಕದಲ್ಲಿ ಮಲಗಿ ನೀವು ಪರದೆ ನೋಡುತ್ತಿದ್ದರೆ ಆ ಮಗು ಕಣ್ಣು ಮುಚ್ಚುವುದಾದರೂ ಹೇಗೆ? ಆಮೇಲೆ ದಿನವೂ ಒಂದೇ ಕ್ರಮ ಇರಲಿ: ಹಲ್ಲುಜ್ಜುವುದು, ಬಟ್ಟೆ ಬದಲಿಸುವುದು, ಒಂದು ಕತೆ, ದೀಪ ಆರಿಸುವುದು. ಕೆಲವು ದಿನ ಗಲಾಟೆ ಇರುತ್ತದೆ, ಬಿಡಬೇಡಿ.

ಹದಿಹರೆಯದ ಮಕ್ಕಳ ಅಪ್ಪ ಅಮ್ಮಂದಿರಿಗೆ ಒಂದು ಮಾತು. ಆ ವಯಸ್ಸಿನಲ್ಲಿ ಮೆಲಟೋನಿನ್ ಬರುವುದೇ ತಡ. ಬೇಗ ನಿದ್ದೆ ಹತ್ತದೇ ಇರುವುದು ಸೋಮಾರಿತನ ಅಲ್ಲ. ದಯವಿಟ್ಟು ಬೈಯಬೇಡಿ. ಫೋನನ್ನು ರಾತ್ರಿ ಇನ್ನೊಂದು ಕೋಣೆಯಲ್ಲಿ ಚಾರ್ಜಿಗೆ ಹಾಕುವ ನಿಯಮ ಮಾಡಿ. ಅದು ಮನೆಯವರಿಗೆಲ್ಲ ಒಂದೇ ನಿಯಮ ಆಗಿರಲಿ.

ಮಗು ಹೆಚ್ಚು ಕಡಿಮೆ ದಿನವೂ ಗೊರಕೆ ಹೊಡೆಯುತ್ತಿದ್ದರೆ, ಬಾಯಿ ತೆರೆದು ಉಸಿರಾಡುತ್ತಿದ್ದರೆ, ನಡುವೆ ಉಸಿರು ನಿಂತ ಹಾಗೆ ಅನ್ನಿಸಿದರೆ ಡಾಕ್ಟರಿಗೆ ತೋರಿಸಿ. ಗಂಟಲಿನ ಟಾನ್ಸಿಲ್ ಅಥವಾ ಮೂಗಿನ ಹಿಂಭಾಗದಲ್ಲಿರುವ ಅಡಿನಾಯ್ಡ್ ಅನ್ನುವ ಗ್ರಂಥಿ ಊದಿರಬಹುದು. "ಸುಸ್ತಾಗಿರಬೇಕು, ಚೆನ್ನಾಗಿ ನಿದ್ದೆ ಮಾಡುತ್ತಿದೆ" ಅಂತ ಬಿಟ್ಟುಬಿಡಬೇಡಿ.

[ದೃಶ್ಯ: ಊಟದ ತಟ್ಟೆಯ ಮುಂದೆ ಮುಖ ತಿರುಗಿಸಿ ಕೂತ ಮಗು]

ಈಗ ಊಟಕ್ಕೆ ಬರೋಣ. ಇಲ್ಲಿ ಕೆಲಸ ಹಂಚಿಕೊಳ್ಳಿ. ಏನು, ಯಾವಾಗ, ಎಲ್ಲಿ ಕೊಡಬೇಕು ಅನ್ನುವುದು ನಿಮ್ಮ ತೀರ್ಮಾನ. ಎಷ್ಟು ತಿನ್ನಬೇಕು ಅನ್ನುವುದು ಮಗುವಿನ ತೀರ್ಮಾನ. ಕೇಳಲು ಸುಲಭ, ಮಾಡಲು ಎದೆ ಗಟ್ಟಿ ಬೇಕು. ಇನ್ನೊಂದು ತುತ್ತು, ಇದೊಂದೇ ತುತ್ತು ಅಂತ ಹಿಂದೆ ಓಡಿದರೆ ಹೊಟ್ಟೆ ತುಂಬಿದ್ದನ್ನು ಗುರುತಿಸುವ ಶಕ್ತಿಯನ್ನು ನಾವೇ ಮಂಕು ಮಾಡುತ್ತೇವೆ. ಹೊಸ ತರಕಾರಿ ಒಂದು ಸಲ ಉಗುಳಿದರೆ "ಇಷ್ಟ ಇಲ್ಲ" ಅಂತ ತೀರ್ಮಾನಿಸಬೇಡಿ. ಹೊಸ ರುಚಿ ಒಗ್ಗಲು 10–15 ಸಲವೂ ಬೇಕಾಗಬಹುದು. ಒತ್ತಾಯ ಇಲ್ಲದೆ ಸ್ವಲ್ಪವೇ ಸ್ವಲ್ಪ ತಟ್ಟೆಯಲ್ಲಿಡಿ. ನೀವು ಅದನ್ನೇ ಪಕ್ಕದಲ್ಲಿ ಕೂತು ತಿನ್ನಿ. ತರಕಾರಿ ಮುಗಿಸಿದರೆ ಸಿಹಿ ಕೊಡುತ್ತೇನೆ ಅನ್ನಬೇಡಿ. ಹಾಗೆಂದರೆ ತರಕಾರಿ ಶಿಕ್ಷೆ, ಸಿಹಿ ಬಹುಮಾನ ಅಂತ ಮಗು ಕಲಿಯುತ್ತದೆ.

ಊಟ ಬೇಡ ಅನ್ನುವ ಚಿಕ್ಕ ಮಗು ದಿನಕ್ಕೆ ಎಷ್ಟು ಹಾಲು ಕುಡಿಯುತ್ತದೆ ಅಂತಲೂ ನೋಡಿ. ವರ್ಷ ದಾಟಿದ ಮಕ್ಕಳಿಗೆ ಬಾಟಲಿಗಟ್ಟಲೆ ಹಸುವಿನ ಹಾಲು ಕೊಟ್ಟರೆ ಊಟಕ್ಕೆ ಹಸಿವೇ ಉಳಿಯುವುದಿಲ್ಲ. ಜೊತೆಗೆ ಕಬ್ಬಿಣದ ಅಂಶವೂ ಕಡಿಮೆಯಾಗುತ್ತದೆ. ಇಷ್ಟು ಮಾಡಿದ ಮೇಲೂ ತೂಕ ಇಳಿಯುತ್ತಿದ್ದರೆ ಅಥವಾ ಏರದಿದ್ದರೆ ತಡಮಾಡದೆ ತಪಾಸಣೆ ಮಾಡಿಸಿ. ಇನ್ನು ಎರಡು ಎಚ್ಚರಿಕೆ. ವರ್ಷದೊಳಗಿನ ಮಗುವಿಗೆ ಜೇನುತುಪ್ಪ ನೆಕ್ಕಿಸಲೇಬೇಡಿ, ಬಾಟ್ಯುಲಿಸಂ ಅನ್ನುವ ಅಪಾಯದ ಕಾಯಿಲೆ ಬರಬಹುದು. ಐದು ವರ್ಷದೊಳಗಿನವರಿಗೆ ಇಡೀ ಬೀಜಗಳು, ಇಡೀ ದ್ರಾಕ್ಷಿ ಬೇಡ. ಗಂಟಲಲ್ಲಿ ಸಿಕ್ಕಿಕೊಳ್ಳುತ್ತವೆ.

ಹಲ್ಲಿನ ವಿಷಯ ಚುಟುಕಾಗಿ. ಮೊದಲ ಹಲ್ಲು ಬಂದ ದಿನದಿಂದಲೇ ಉಜ್ಜಬೇಕು. 3 ವರ್ಷದವರೆಗೆ ಅಕ್ಕಿಕಾಳಿನಷ್ಟು ಫ್ಲೋರೈಡ್ ಪೇಸ್ಟ್, 3ರಿಂದ 6ರವರೆಗೆ ಬಟಾಣಿಯಷ್ಟು. ಏಳೆಂಟು ವರ್ಷದವರೆಗೆ ಕೊನೆಯಲ್ಲಿ ಒಂದು ಸಲ ನೀವೇ ಉಜ್ಜಿಕೊಡಿ. ಅವರ ಕೈಗೆ ಅಲ್ಲಿಯವರೆಗೆ ಅಷ್ಟು ಹಿಡಿತ ಇರುವುದಿಲ್ಲ. ರಾತ್ರಿ ಉಜ್ಜಿದ ಮೇಲೆ ನೀರು ಮಾತ್ರ.

[ದೃಶ್ಯ: ಬಯಲಿನಲ್ಲಿ ಓಡಾಡುವ ಮಕ್ಕಳು]

ಮಕ್ಕಳನ್ನು ಹೊರಗೆ ಬಿಡಿ ಅಂದಾಗ ಎಲ್ಲರೂ ಮೈಕೈ ಗಟ್ಟಿಯಾಗುವುದನ್ನೇ ಯೋಚಿಸುತ್ತಾರೆ. ಅದೂ ನಿಜ. 5 ವರ್ಷ ದಾಟಿದ ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷ ಮೈ ಬೆವರುವಂಥ ಆಟ ಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಆದರೆ ಹೊರಗಿನ ಬೆಳಕು ಕಣ್ಣಿಗೂ ಬೇಕು. ಹಗಲು ಬೆಳಕಿನಲ್ಲಿ ಜಾಸ್ತಿ ಹೊತ್ತು ಕಳೆಯುವ ಮಕ್ಕಳಲ್ಲಿ ದೂರದ್ದು ಮಸುಕಾಗುವ ದೃಷ್ಟಿದೋಷ ಶುರುವಾಗುವುದು ಕಡಿಮೆ. ಬೆಳಕಿಗೆ ಕಣ್ಣಿನೊಳಗೆ ಡೋಪಮಿನ್ ಅನ್ನುವ ರಾಸಾಯನಿಕ ಹೆಚ್ಚುತ್ತದೆ, ಅದು ಕಣ್ಣುಗುಡ್ಡೆ ಅತಿಯಾಗಿ ಉದ್ದವಾಗುವುದನ್ನು ತಡೆಯುತ್ತದೆ ಅಂತ ಸಂಶೋಧಕರು ಹೇಳುತ್ತಾರೆ. ದಿನಕ್ಕೆ 2 ಗಂಟೆ ಸಿಕ್ಕರೆ ತುಂಬಾ ಒಳ್ಳೆಯದು. ನೆರಳಿನಲ್ಲಿ ಆಡಿದರೂ ಸರಿ, ಮನೆಯೊಳಗಿನ ದೀಪಕ್ಕಿಂತ ಆ ಬೆಳಕು ಎಷ್ಟೋ ಪಟ್ಟು ಜಾಸ್ತಿ.

ಕೊನೆಗೆ ಜ್ವರ. ಸಾಮಾನ್ಯ ನೆಗಡಿ ಬರುವುದು ವೈರಸ್‌ನಿಂದ. ಆಂಟಿಬಯಾಟಿಕ್ ಅದಕ್ಕೆ ಕೆಲಸ ಮಾಡುವುದಿಲ್ಲ. ಹಳೆಯ ಬಾಟಲಿಯಲ್ಲಿ ಉಳಿದದ್ದನ್ನು ಕೊಡಬೇಡಿ. ಪ್ಯಾರಸಿಟಮಾಲ್ ಎಷ್ಟು ಕೊಡಬೇಕು ಅನ್ನುವುದು ಮಗುವಿನ ತೂಕದ ಮೇಲೆ ಇರುತ್ತದೆ, ಹಾಗಾಗಿ ಈಗಿನ ತೂಕ ಮನೆಯಲ್ಲಿ ಬರೆದಿಡಿ. ಮಕ್ಕಳಿಗೆ ಆಸ್ಪಿರಿನ್ ಮಾತ್ರ ನಿಮ್ಮಷ್ಟಕ್ಕೆ ಕೊಡಲೇಬೇಡಿ. 3 ತಿಂಗಳೊಳಗಿನ ಕೂಸಿಗೆ 38 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕಿಂತ ಜಾಸ್ತಿ ಜ್ವರ ಇದ್ದರೆ ಬೆಳಗಾಗಲಿ ಅಂತ ಕಾಯಬೇಡಿ, ತಕ್ಷಣ ಆಸ್ಪತ್ರೆಗೆ ಹೋಗಿ. ಯಾವುದೇ ವಯಸ್ಸಿನ ಮಗುವಾದರೂ ಉಸಿರಾಡುವಾಗ ಪಕ್ಕೆಲುಬಿನ ನಡುವೆ ಚರ್ಮ ಒಳಗೆ ಸೆಳೆದುಕೊಳ್ಳುತ್ತಿದ್ದರೆ, ಎಬ್ಬಿಸಿದರೂ ಸರಿಯಾಗಿ ಏಳದಿದ್ದರೆ, ಫಿಟ್ಸ್ ಬಂದರೆ, ನೀರು ಕುಡಿಯದೆ ತುಂಬಾ ಹೊತ್ತು ಮೂತ್ರ ಮಾಡದಿದ್ದರೆ ಕೂಡ ಹಾಗೆಯೇ ಹೊರಡಿ. ಹೋಗಿ ನೋಡಿದ ಮೇಲೆ ಏನೂ ಇಲ್ಲ ಅಂದರೆ ಒಳ್ಳೆಯದೇ ಆಯಿತಲ್ವಾ? "ಸುಮ್ನೆ ಬಂದೆವೇನೋ" ಅನ್ನುವ ಸಂಕೋಚ ಬೇಡ.