ಸಿನಿಮಾ ಮಂಕಾ, ಥಿಯೇಟರ್ ಮಂಕಾ? ಸೆನ್ಸಾರ್ ಸರ್ಟಿಫಿಕೇಟ್ ನೋಡಿ ಕಂಡುಹಿಡೀರಿ

[ನೇರ ಕ್ಯಾಮೆರಾಗೆ]

ತುಮಕೂರಲ್ಲಿ ಮೊದಲ ದಿನದ ಆಟ ನೋಡಿ ಬಂದವನು ಹೇಳ್ತಾನೆ: "ಫೋಟೋಗ್ರಫಿ ಮಂಕು, ಡೈಲಾಗ್ ಅರ್ಧ ಕೇಳಿಸ್ಲೇ ಇಲ್ಲ, ಬಿಜಿಎಂ ಬರೀ ಗದ್ದಲ." ಅದೇ ದಿನ, ಅದೇ ಸಿನಿಮಾನ ಎಪ್ಪತ್ತು ಕಿಲೋಮೀಟರ್ ಆಚೆ ಬೆಂಗಳೂರಲ್ಲಿ ನೋಡಿದವನು ಹೇಳ್ತಾನೆ: "ಏನ್ ವಿಶುವಲ್ಸ್ ಗುರು!" ಇಬ್ಬರಲ್ಲಿ ಯಾರೂ ಸುಳ್ಳು ಹೇಳ್ತಿಲ್ಲ. ಕಥೆ ಇಷ್ಟ ಆಗೋದು ಬಿಡೋದು ಅವರವರ ಅಭಿಪ್ರಾಯ, ಅದರ ಬಗ್ಗೆ ಇವತ್ತು ಮಾತಿಲ್ಲ. ಆದ್ರೆ ಮಂಕು, ಅಸ್ಪಷ್ಟ, ಗದ್ದಲ ಅನ್ನೋವು ಅಳತೆ ಮಾಡಬಹುದಾದ ವಿಷಯಗಳು. ಇವುಗಳಲ್ಲಿ ಎಷ್ಟೋ ಸಲ ತಪ್ಪು ಹಾಲ್‌ದು, ಬೈಸಿಕೊಳ್ಳೋದು ಮಾತ್ರ ಕ್ಯಾಮೆರಾಮನ್.

ಯಾರದು ತಪ್ಪು ಅಂತ ಸೀಟಲ್ಲಿ ಕೂತೇ ಕಂಡುಹಿಡಿಯೋದು ಹೇಗೆ? ಶಿರಾ, ತಿಪಟೂರು, ಚಿಂತಾಮಣಿ, ಮುಳಬಾಗಿಲು, ಯಾವೂರಿನ ಥಿಯೇಟರ್ ಆದ್ರೂ ಇದು ನಡೆಯುತ್ತೆ. ಮೀಟರ್ ಬೇಡ, ಆ್ಯಪ್ ಬೇಡ.

[ಗ್ರಾಫಿಕ್: ಪ್ರೊಜೆಕ್ಟರ್‌ನಿಂದ ಪರದೆಗೆ ಬೆಳಕಿನ ಗೆರೆ]

ಮೊದಲು ಬೇಸಿಕ್ಸ್, ಬೇಗ ಮುಗಿಸೋಣ. ಡಿಜಿಟಲ್ ಸಿನಿಮಾಗೆ ಒಂದು ಅಂತರರಾಷ್ಟ್ರೀಯ ಲೆಕ್ಕ ಇದೆ. ಟೂಡಿ ಸಿನಿಮಾ ಆದ್ರೆ ಪರದೆಯ ನಡುವೆ 14 ಫುಟ್‌ ಲ್ಯಾಂಬರ್ಟ್ (ಪರದೆ ಮೇಲಿನ ಬೆಳಕನ್ನ ಅಳೆಯೋ ಮಾನ) ಬೆಳಕು ಇರಬೇಕು. ಮೂಲೆಗಳಲ್ಲಿ ಅದರ ಸುಮಾರು ಮುಕ್ಕಾಲು ಭಾಗ ಇದ್ದರೆ ಸರಿ. ಕಲರಿಸ್ಟ್ ಸ್ಟುಡಿಯೋದಲ್ಲಿ ಬಣ್ಣ ಕೂರಿಸೋದೂ ಈ 14ರ ಮೇಲೇ. ಹಾಲಲ್ಲಿ ಅದು 7ಕ್ಕೆ ಇಳಿದಿದೆ ಅಂದ್ಕೊಳ್ಳಿ. ಕಣ್ಣು ಕತ್ತಲೆಗೆ ಹೊಂದಿಕೊಳ್ಳೋದ್ರಿಂದ "ಬೆಳಕು ಕಡಿಮೆ" ಅಂತ ನಿಮಗೆ ಅನ್ನಿಸೋದೇ ಇಲ್ಲ. ಅದರ ಬದಲು ಬಣ್ಣ ಸತ್ತ ಹಾಗೆ ಕಾಣುತ್ತೆ, ನೆರಳಲ್ಲಿ ನಿಂತವನ ಮುಖ ಮಾಯ ಆಗುತ್ತೆ. 2018ರ ಕೆ.ಜಿ.ಎಫ್. ಥರ ಮಸಿ, ಧೂಳು, ಕತ್ತಲೆಯಲ್ಲೇ ಕಟ್ಟಿದ ಸಿನಿಮಾಗೆ ಇದರ ಏಟು ಜಾಸ್ತಿ. ಹಗಲು ಹೊತ್ತಿನ ಹಳ್ಳಿ ಕಥೆ ಅರ್ಧ ಬೆಳಕಲ್ಲೂ ಹೇಗೋ ಬಚಾವಾಗುತ್ತೆ. ಆ ಕಪ್ಪು ಸಿನಿಮಾ ಬಚಾವಾಗಲ್ಲ. ಕೋಲಾರದ ಮಣ್ಣಿನ ಕಥೆ ಕೋಲಾರ ಜಿಲ್ಲೆಯ ಪರದೆ ಮೇಲೇ ಕಾಣದೆ ಹೋದ್ರೆ ಅದಕ್ಕಿಂತ ಬೇಜಾರು ಇನ್ನೇನಿದೆ?

ಬೆಳಕು ಇಳಿಯೋಕೆ ಮೊದಲ ಕಾರಣ ಲ್ಯಾಂಪ್. ಝೀನಾನ್ ಅನಿಲ ತುಂಬಿದ ಲ್ಯಾಂಪ್ ಇರೋ ಪ್ರೊಜೆಕ್ಟರನ್ನ ಉದಾಹರಣೆಗೆ ತಗೊಳ್ಳಿ. ದಿನಕ್ಕೆ 4 ಆಟ, ಒಂದೊಂದು ಎರಡೂಮುಕ್ಕಾಲು ಗಂಟೆ, ಅಲ್ಲಿಗೆ 11 ಗಂಟೆ. 1000 ಗಂಟೆ ಲೆಕ್ಕದ ಲ್ಯಾಂಪ್ ಮೂರೇ ತಿಂಗಳಿಗೆ ತೀರಿತು. ವಾಟ್ ಜಾಸ್ತಿ ಆದಷ್ಟೂ ಆಯಸ್ಸು ಕಡಿಮೆ. ಹಳೇದಾಗ್ತಾ ಒಳಗಿನ ಟಂಗ್‌ಸ್ಟನ್ ತುದಿಗಳು (ಬೆಳಕಿನ ಕಿಡಿ ಹತ್ತೋದು ಇವುಗಳ ನಡುವೆ) ಸವೆದು ಗಾಜಿಗೆ ಒಳಗಿಂದ ಕಪ್ಪು ಹಿಡಿಯುತ್ತೆ, ಬೆಳಕು ನಡುಗೋಕೆ ಶುರುವಾಗುತ್ತೆ. ದುಬಾರಿ ಸಾಮಾನು, ಹಾಗಾಗಿ ಇನ್ನೊಂದು ವಾರ ಓಡಲಿ ಅಂತ ಎಳೀತಾರೆ. ಕರೆಂಟ್ ಬಿಲ್ ಉಳಿಸೋಕೆ ಕಡಿಮೆ ಆಂಪ್ಸ್‌ನಲ್ಲಿ ಓಡಿಸಿದ್ರೂ ಲ್ಯಾಂಪ್ ಉಳಿಯಲ್ಲ. ಮಿತಿಗಿಂತ ಕೆಳಗೆ ಇಳಿಸಿದ್ರೆ ಕಿಡಿ ಒಂದು ಕಡೆ ನಿಲ್ಲದೆ ಪರದೆ ಮಿಣಮಿಣ ಅನ್ನುತ್ತೆ. ಕರೆಂಟ್ ಹೋಗಿ ಜನರೇಟರ್‌ಗೆ ಬದಲಾದಾಗಲೆಲ್ಲ ಲ್ಯಾಂಪನ್ನ ಹೊಸದಾಗಿ ಹತ್ತಿಸಬೇಕು, ಪ್ರತಿ ಸಲ ಹತ್ತಿಸಿದಾಗಲೂ ತುದಿ ಸ್ವಲ್ಪ ಸವೆಯುತ್ತೆ. ಬೇಸಿಗೆಯಲ್ಲಿ ಕರೆಂಟ್ ಪದೇ ಪದೇ ಹೋಗೋ ಊರಲ್ಲಿ ಲ್ಯಾಂಪ್ ಬೇಗ ಸೋಲೋದು ಇದಕ್ಕೇ.

ಎರಡನೇದು ಪ್ರೊಜೆಕ್ಟರ್ ರೂಮಿನ ಕಿಟಕಿ ಗಾಜು. ಅಲ್ಲಿ ಪ್ರತಿಫಲನ ತಡೆಯೋ ಕೋಟಿಂಗ್ ಇರೋ ಗಾಜೇ ಹಾಕಬೇಕು. ಮನೆ ಕಿಟಕಿ ಗಾಜು ಹಾಕಿದ್ರೆ ಒಂದೊಂದು ಮೈಯಲ್ಲಿ ಶೇ 4ರಂತೆ, ಒಟ್ಟು ಶೇ 8ರಷ್ಟು ಬೆಳಕು ಅಲ್ಲೇ ಹೋಯ್ತು. ಮೇಲೆ ಧೂಳು ಬೇರೆ. ನಮ್ಮ ಬಯಲುಸೀಮೆ ಧೂಳಿಗೆ ಪ್ರೊಜೆಕ್ಟರ್‌ನ ಏರ್ ಫಿಲ್ಟರ್ ಕೂಡ ಬೇಗ ಕಟ್ಟಿಕೊಳ್ಳುತ್ತೆ, ಮಿಷನ್ ಕಾಯುತ್ತೆ. ಮೂರನೇದು ತ್ರೀಡಿ ಫಿಲ್ಟರ್. ತ್ರೀಡಿ ಸಿನಿಮಾ ಮುಗಿದ ಮೇಲೂ ಅದನ್ನ ಲೆನ್ಸ್ ಮುಂದೆ ಹಾಗೇ ಬಿಟ್ಟಿದ್ರೆ, ಸಾಮಾನ್ಯ ಪೋಲರೈಸಿಂಗ್ ಫಿಲ್ಟರ್ ಅರ್ಧಕ್ಕಿಂತ ಜಾಸ್ತಿ ಬೆಳಕನ್ನ ನುಂಗುತ್ತೆ.

[ಸ್ಕ್ರೀನ್ ಮೇಲೆ ದೊಡ್ಡದಾಗಿ: ಸರ್ಟಿಫಿಕೇಟ್ ಟೆಸ್ಟ್]

ಇನ್ನು ಈ ವಿಡಿಯೋ ಮಾಡೋಕೆ ಕಾರಣವಾದ ವಿಷಯಕ್ಕೆ ಬರೋಣ. ಇದಕ್ಕೆ ಸ್ವಲ್ಪ ಜಾಸ್ತಿ ಹೊತ್ತು ಕೊಡ್ತೀವಿ.

ನಮ್ಮ ದೇಶದಲ್ಲಿ ಪ್ರತಿ ಸಿನಿಮಾ ಶುರುವಾಗೋ ಮೊದಲು ಸೆನ್ಸಾರ್ ಸರ್ಟಿಫಿಕೇಟ್ ತೋರಿಸ್ತಾರೆ. ಎಲ್ಲರೂ ಅವಧಿ ಎಷ್ಟು, ಯು/ಎ ನಾ ಎ ನಾ ಅಂತ ನೋಡ್ತಾರೆ, ಶಿಳ್ಳೆ ಹಾಕ್ತಾರೆ. ಇನ್ಮೇಲೆ ಅದನ್ನ ಕಣ್ಣಿನ ಡಾಕ್ಟರ್ ಗೋಡೆ ಮೇಲಿನ ಅಕ್ಷರದ ಬೋರ್ಡ್ ಅಂತ ತಿಳ್ಕೊಂಡು ನೋಡಿ. ಹೆಚ್ಚುಕಡಿಮೆ ಬಿಳಿ ಹಿನ್ನೆಲೆ, ಮೇಲೆ ಕಪ್ಪು ಅಕ್ಷರ, ಕ್ಯಾಮೆರಾ ಅಲುಗಾಡಲ್ಲ, ಕೆಲವು ಸೆಕೆಂಡ್ ನಿಂತಲ್ಲೇ ನಿಲ್ಲುತ್ತೆ. ಪ್ರೊಜೆಕ್ಷನ್ ಪರೀಕ್ಷೆ ಮಾಡೋರು ಹಾಕೋ ಟೆಸ್ಟ್ ಚಾರ್ಟ್ ಕೂಡ ಹೆಚ್ಚುಕಡಿಮೆ ಹೀಗೇ ಇರುತ್ತೆ. ನಮಗೆ ಇದು ಪ್ರತಿ ಆಟಕ್ಕೂ ಪುಕ್ಕಟೆ ಸಿಗ್ತಾ ಇದೆ!

ಮೊದಲು ಬಿಳಿಯನ್ನ ನೋಡಿ. ನಡುವೆ ಬೆಳಗಿ ಅಂಚಿಗೆ ಹೋಗ್ತಾ ಕಪ್ಪಾಗ್ತಿದ್ಯಾ? ಒಂದೋ ಲ್ಯಾಂಪ್ ಸರಿಯಾಗಿ ಕೂತಿಲ್ಲ, ಇಲ್ಲಾ ಅದು ತ್ರೀಡಿಗೆ ಹಾಕಿದ ಸಿಲ್ವರ್ ಸ್ಕ್ರೀನ್. ಸಿಲ್ವರ್ ಸ್ಕ್ರೀನ್ ಬೆಳಕನ್ನ ನೇರ ಎದುರಿಗೆ ಜಾಸ್ತಿ ತಳ್ಳುತ್ತೆ, ಪಕ್ಕಕ್ಕೆ ಕಡಿಮೆ. ಅಂಥ ಹಾಲಲ್ಲಿ ಸೈಡ್ ಸೀಟ್ ತಗೊಂಡ್ರೆ ದುಡ್ಡು ದಂಡ, ನಡುವಿನ ಸಾಲೇ ಬೇಕು. ಒಂದೇ ಮೂಲೆ ಕತ್ತಲಾ? ಲ್ಯಾಂಪ್ ಅಲೈನ್‌ಮೆಂಟ್ ತಪ್ಪಿದೆ. ಬಿಳಿ ಹಳದಿಗೆ ತಿರುಗಿದ್ಯಾ? ಪರದೆ ಹಳೇದಾಗಿದೆ, ಇಲ್ಲಾ ಕಲರ್ ಕ್ಯಾಲಿಬ್ರೇಷನ್ ಮಾಡಿ ಬಹಳ ಕಾಲ ಆಗಿದೆ. ಆಮೇಲೆ ಹಾಡಲ್ಲಿ ಹೀರೋಯಿನ್ ಮುಖ ಹಳದಿ ಕಂಡ್ರೆ ಮೇಕಪ್‌ನವರನ್ನ ಬೈಯೋಕೆ ಹೋಗ್ಬೇಡಿ.

ಆಮೇಲೆ ಅಕ್ಷರ. ದಪ್ಪ ಅಕ್ಷರ ಬಿಡಿ, ಅತಿ ಚಿಕ್ಕದನ್ನ ನೋಡಿ. ಹೊಸ ಸರ್ಟಿಫಿಕೇಟಲ್ಲಿ ಕ್ಯೂಆರ್ ಕೋಡ್ ಇದ್ರೆ ಇನ್ನೂ ಒಳ್ಳೇದು: ಆ ಪುಟ್ಟ ಚೌಕಗಳ ಅಂಚು ಚೂಪಾಗಿ ಕಂಡ್ರೆ ಫೋಕಸ್ ಸರಿಯಾಗಿದೆ. ಎಲ್ಲಾ ಕಡೆ ಮಂಜು ಮಂಜು ಅಂದ್ರೆ ಫೋಕಸ್ ತಪ್ಪಿದೆ. ಒಂದು ಕಡೆ ಚೂಪು, ಇನ್ನೊಂದು ಕಡೆ ಮಂಜು ಅಂದ್ರೆ ಲೆನ್ಸ್ ವಾಲಿದೆ. ಲೆನ್ಸ್ ಬಿಸಿಯಾಗ್ತಾ ಫೋಕಸ್ ಸ್ವಲ್ಪ ಜರುಗುತ್ತೆ, ಹಾಗಾಗಿ ಬೆಳಿಗ್ಗೆ ಆಟಕ್ಕೆ ಸರಿ ಇದ್ದದ್ದು ಸಂಜೆಗೂ ಸರಿ ಇರುತ್ತೆ ಅನ್ನೋ ಹಾಗಿಲ್ಲ.

ಕೆಲವು ಸಿನಿಮಾದಲ್ಲಿ ಸರ್ಟಿಫಿಕೇಟ್ ನಡುವೆ ಮಾತ್ರ ಇದ್ದು ಎರಡೂ ಪಕ್ಕ ಕಪ್ಪಿರುತ್ತೆ. ಆಗ ಆ ಕಪ್ಪನ್ನೇ ನೋಡಿ. ಅದು ಬೂದು ಬಣ್ಣಕ್ಕೆ ಕಾಣ್ತಿದ್ರೆ ಹಾಲ್ ಒಳಗೆ ಬೇರೆ ಕಡೆಯಿಂದ ಬೆಳಕು ಬರ್ತಿರಬಹುದು. ಬಾಗಿಲಿನ ಪರದೆ ಸರಿದಿರಬಹುದು, ಮೆಟ್ಟಿಲ ದೀಪ ಜೋರಿರಬಹುದು. ಮಧ್ಯಾಹ್ನದ ಆಟದಲ್ಲಿ ಬಾಗಿಲು ಅರ್ಧ ತೆರೆದಿದ್ರೆ ಸಾಕು, ಸಿನಿಮಾದ ಕತ್ತಲೆ ದೃಶ್ಯಗಳೆಲ್ಲ ತೊಳೆದು ಹೋಗುತ್ತೆ. ದುಡ್ಡಿಲ್ಲದೆ ಸರಿಯಾಗೋ ತೊಂದರೆ ಇದು: ಬಾಗಿಲಿನ ಪರದೆ ಎಳೆದ್ರೆ ಮುಗೀತು.

[ಕಟ್: ತಂಬಾಕು ಎಚ್ಚರಿಕೆಯ ಸಾಲು, ಪರದೆಯ ಕೆಳಗೆ]

ಎರಡನೇ ಪರೀಕ್ಷೆ ಕಿವಿಗೆ. ಸಿನಿಮಾ ಶುರುವಿಗೆ, ಇಂಟರ್‌ವಲ್ ಆದ ಮೇಲೆ ತಂಬಾಕು ವಿರೋಧಿ ಜಾಹೀರಾತು ಬರುತ್ತಲ್ಲ, ಆಗ ಫೋನ್ ನೋಡ್ಬೇಡಿ, ಅದರ ದನಿ ಕೇಳಿ. ಮಾತು ಪರದೆಯ ನಟ್ಟನಡುವಿನಿಂದ ಬರಬೇಕು. ಸಿನಿಮಾದ ಡೈಲಾಗ್ ಬಹುಪಾಲು ಬರೋದು ಪರದೆ ಹಿಂದಿರೋ ಸೆಂಟರ್ ಸ್ಪೀಕರ್ ಒಂದರಿಂದಲೇ, ಪರದೆಯಲ್ಲಿರೋ ಸಣ್ಣ ಸಣ್ಣ ತೂತುಗಳ ಮೂಲಕ. ಸ, ಶ, ಷ ಶಬ್ದಗಳು ಚೂಪಾಗಿ ಕೇಳದೆ, ಕಂಬಳಿ ಹೊದ್ದು ಮಾತಾಡಿದ ಹಾಗಿದ್ರೆ ಆ ಸ್ಪೀಕರ್‌ನ ಮೇಲ್ದನಿ ಹೊರಡಿಸೋ ಭಾಗ (ಡ್ರೈವರ್) ಸುಟ್ಟಿರಬಹುದು, ಇಲ್ಲಾ ತೂತುಗಳಿಗೆ ಧೂಳು ಮೆತ್ತಿರಬಹುದು. ಎರಡೂ ಸಿನಿಮಾದ ತಪ್ಪಲ್ಲ.

ಇನ್ನು ವಾಲ್ಯೂಮ್. ಹಾಲಿನ ಸೌಂಡ್ ನಿಭಾಯಿಸೋ ಡಾಲ್ಬಿ ಪ್ರೊಸೆಸರ್ ಮೇಲೆ 0ಯಿಂದ 10ರವರೆಗೆ ಫೇಡರ್ ನಂಬರ್, ಅಂದ್ರೆ ವಾಲ್ಯೂಮ್ ನಂಬರ್, ಇರುತ್ತೆ. ಮಿಕ್ಸಿಂಗ್ ಸ್ಟುಡಿಯೋ ಲೆಕ್ಕದಲ್ಲಿ ಅದು 7ರಲ್ಲಿರಬೇಕು. ಟೆಸ್ಟ್ ಶಬ್ದ ಹಾಕಿದಾಗ ಮುಂದಿನ ಒಂದೊಂದು ಸ್ಪೀಕರ್ 85 ಡೆಸಿಬಲ್ ಕೊಡೋ ಮಟ್ಟ ಅದು. ಜಾಹೀರಾತು, ಟ್ರೇಲರ್ ಕಿವಿಗೆ ಬಡಿಯುತ್ತೆ ಅಂತ ಜನ ಗೊಣಗ್ತಾರೆ, ಆಪರೇಟರ್ 5ಕ್ಕೆ ಇಳಿಸ್ತಾನೆ, ಸಿನಿಮಾ ಶುರುವಾದ್ರೂ ಏರಿಸಲ್ಲ. ಆ ಅಳತೆಯಲ್ಲಿ 4ರಿಂದ ಮೇಲೆ ಒಂದೊಂದು ನಂಬರಿಗೆ ಮೂರೂಕಾಲು ಡೆಸಿಬಲ್ ಚಿಲ್ಲರೆ. 7ರಿಂದ 5 ಅಂದ್ರೆ ಸುಮಾರು 6.7 ಡೆಸಿಬಲ್ ಇಳಿತ, ಸ್ಪೀಕರ್‌ಗೆ ಹೋಗೋ ಪವರ್ ಐದನೇ ಒಂದು ಭಾಗಕ್ಕೆ ಬಂತು. ಶಬ್ದವೆಲ್ಲ ಒಟ್ಟಿಗೆ ಇಳಿದ್ರೂ ಹಾಲಿನ ಫ್ಯಾನ್ ಸದ್ದು, ಜನರ ಮಾತು ಇಳಿಯಲ್ಲ. ಜೋರಾದ ಬಿಜಿಎಂ ಅದನ್ನ ದಾಟಿ ಬರುತ್ತೆ, ಮೆಲುದನಿಯ ಡೈಲಾಗ್ ಅದರ ಕೆಳಗೆ ಮುಳುಗುತ್ತೆ. "ಬಿಜಿಎಂ ಡೈಲಾಗ್‌ನ ನುಂಗಿಹಾಕ್ತು" ಅನ್ನೋ ದೂರು ಹುಟ್ಟೋದು ಬಹಳ ಸಲ ಇಲ್ಲಿಂದ. ಸೌಂಡ್ ಇಂಜಿನಿಯರ್ ತಿಂಗಳುಗಟ್ಟಲೆ ಕೂತು ಮಾಡಿದ ಕೆಲಸ ಒಂದು ಗುಂಡಿಯಲ್ಲಿ ಹಾಳಾಗೋದು ಅನ್ಯಾಯ. ಉಲ್ಟಾನೂ ಆಗುತ್ತೆ: ಹೀರೋ ಎಂಟ್ರಿಗೆ "ಸೌಂಡ್ ಕೊಡ್ರೋ" ಅಂತ ಕೂಗಿದ್ರೆ 8 ದಾಟಿಸ್ತಾರೆ, ಆಂಪ್ಲಿಫೈಯರ್ ಮಿತಿ ಮೀರಿ ದನಿ ಒಡೆಯುತ್ತೆ. ಸ್ಪೀಕರ್ ಡ್ರೈವರ್‌ಗಳು ಸುಡೋದೂ ಹೀಗೇ.

ಮೂರನೇ ಪರೀಕ್ಷೆ ಫ್ರೇಮಿಗೆ. ಯಾರಾದ್ರೂ ಸಿಗರೇಟ್ ಹಚ್ಚಿದ ಕೂಡಲೇ ಕೆಳಗೆ ಎಚ್ಚರಿಕೆ ಸಾಲು ಬರುತ್ತೆ. ಅದು ಪೂರ್ತಿ ಕಾಣ್ತಿದ್ಯಾ? ಅರ್ಧ ಕತ್ತರಿಸಿದ್ರೆ ಚಿತ್ರ ಪರದೆಯಿಂದ ಹೊರಗೆ ಬೀಳ್ತಿದೆ. ಟೂಕೆಯಲ್ಲಿ (ಅಡ್ಡಕ್ಕೆ ಸುಮಾರು 2000 ಚುಕ್ಕೆಗಳ ಚಿತ್ರ) ಸ್ಕೋಪ್ ಅನ್ನೋ ಹೆಚ್ಚು ಅಗಲದ ಸಿನಿಮಾ 2048 × 858 ಚುಕ್ಕೆ, ಫ್ಲಾಟ್ ಅನ್ನೋ ಎತ್ತರ ಜಾಸ್ತಿ ಇರೋ ಸಿನಿಮಾ 1998 × 1080. ಒಂದರ ಸೆಟ್ಟಿಂಗಲ್ಲಿ ಇನ್ನೊಂದನ್ನ ಓಡಿಸಿದ್ರೆ ತಲೆ ಕತ್ತರಿಸುತ್ತೆ, ಇಲ್ಲಾ ಪರದೆಯ ಅಂಚಿಗೆ ಮುಟ್ಟದೆ ಚಿತ್ರ ಕುಗ್ಗುತ್ತೆ. ಆಪರೇಟರ್ ಒಂದು ಬಟನ್ ಒತ್ತಿದ್ರೆ ಸರಿಯಾಗೋ ಕೆಲಸ ಇದು.

[ಟೈಮರ್ ತೋರಿಸಿ]

ಟೈಮ್ ಆಗ್ತಾ ಬಂತು, ಉಳಿದದ್ದು ಬೇಗ ಬೇಗ. ಸಿನಿಮಾದ್ದಾ ಹಾಲ್‌ದಾ ಅನ್ನೋಕೆ ಒಂದು ಸುಲಭದ ಲೆಕ್ಕ: ಒಂದೆರಡು ದೃಶ್ಯದಲ್ಲಿ ಮಾತ್ರ ಕಂಡ ತಪ್ಪು ಬಹುತೇಕ ಸಿನಿಮಾದ್ದು, ಮೊದಲಿನಿಂದ ಕೊನೆವರೆಗೂ ಇದ್ದದ್ದು ಬಹುತೇಕ ಹಾಲ್‌ದು. ತುಟಿಗೂ ಮಾತಿಗೂ ಒಂದು ಸೀನಲ್ಲಿ ಹೊಂದದಿದ್ರೆ ಡಬ್ಬಿಂಗ್ ತಪ್ಪು, ಇಡೀ ಸಿನಿಮಾ ಒಂದೇ ಅಳತೆಯಲ್ಲಿ ಹಿಂದೆ ಬಿದ್ದಿದ್ರೆ ಸೌಂಡ್ ಡಿಲೇ ಸೆಟ್ಟಿಂಗ್ ತಪ್ಪು. ತೆಲುಗಿಂದ ಕನ್ನಡಕ್ಕೆ ಡಬ್ ಆಗಿ ಬರೋ ಸಿನಿಮಾದಲ್ಲಿ ತುಟಿ ಹೊಂದದೇ ಇರೋದು ಸಹಜ, ಅದಕ್ಕೆ ಹಾಲ್‌ನವರನ್ನ ಹಿಡೀಬೇಡಿ. ಕಳಪೆ ವಿಎಫ್‌ಎಕ್ಸ್ ಕೂಡ ಸಿನಿಮಾದ್ದೇ, ಮಂಕು ಬೆಳಕು ಅದನ್ನ ಮುಚ್ಚುತ್ತೇ ಹೊರತು ಹೆಚ್ಚು ಮಾಡಲ್ಲ. ಕಥೆ ಎಳೆದದ್ದು, ಸೆಕೆಂಡ್ ಹಾಫ್ ಬಿದ್ದದ್ದು ಯಾವ ಲ್ಯಾಂಪ್ ಹಾಕಿದ್ರೂ ಏಳಲ್ಲ.

ಸೀಟು: ಸೌಂಡ್ ಅಳತೆ ಮಾಡೋದು ಪರದೆಯಿಂದ ಸುಮಾರು ಮೂರನೇ ಎರಡು ಭಾಗ ಹಿಂದೆ, ನಡುವೆ. ಟಿಕೆಟ್ ಅಲ್ಲೇ ತಗೊಳ್ಳಿ. ಬಾಲ್ಕನಿ ಅಡಿಯ ಕೊನೇ ಸಾಲುಗಳು ಬೇಡ, ಅಲ್ಲಿ ದನಿ ಮಂದ.

ದೂರು ಕೊಡೋದು ಸಿನಿಮಾ ಮುಗಿದ ಮೇಲಲ್ಲ, ಮೊದಲ ಹತ್ತು ನಿಮಿಷದಲ್ಲಿ. "ಪಿಕ್ಚರ್ ಸರಿ ಇಲ್ಲ" ಅಂದ್ರೆ ಯಾರಿಗೂ ಏನೂ ಅರ್ಥ ಆಗಲ್ಲ. ಮ್ಯಾನೇಜರ್ ಹತ್ರ ಹೋಗಿ ಹೀಗೆ ಕೇಳಿ: "ಸರ್, ಫೇಡರ್ ಎಷ್ಟರಲ್ಲಿದೆ?" "ಸೆಂಟರ್ ಸ್ಪೀಕರ್ ಬರ್ತಿದ್ಯಾ ನೋಡ್ತೀರಾ?" "ತ್ರೀಡಿ ಫಿಲ್ಟರ್ ತೆಗೆದಿದ್ದಾರಾ?" "ಬಲಗಡೆ ಫೋಕಸ್ ಇಲ್ಲ." ಒಂದೊಂದಕ್ಕೂ ಆಪರೇಟರ್ ಮಾಡಬಹುದಾದ ಒಂದು ಕೆಲಸ ಇದೆ. ಲ್ಯಾಂಪ್ ಹಳೇದು ಅಂದ್ರೆ ಮಾತ್ರ ಆಟದ ಮಧ್ಯೆ ಬದಲಿಸೋಕೆ ಆಗಲ್ಲ, ಒಳಗೆ ಭಾರೀ ಒತ್ತಡದ ಅನಿಲ ಇರುತ್ತೆ. ತಣ್ಣಗಾಗೋವರೆಗೆ ಕಾದು, ಮುಖಕ್ಕೆ ಕವಚ, ಕೈಗೆ ಗ್ಲೌಸ್ ಹಾಕಿಯೇ ಮುಟ್ಟಬೇಕು.

ಕೊನೇದು, ಬೆಳಗಿನ ಜಾವದ ಫ್ಯಾನ್ಸ್ ಶೋಗೆ ಕಾಯೋರಿಗೆ. ಸಿನಿಮಾ ಫೈಲ್‌ಗೆ ಡಿಜಿಟಲ್ ಬೀಗ ಇರುತ್ತೆ. ಅದರ ಕೀ ಆ ಹಾಲಿನ ಸರ್ವರ್‌ಗೆ ಮಾತ್ರ, ಇಂಥ ಹೊತ್ತಿಂದ ಇಂಥ ಹೊತ್ತಿನವರೆಗೆ ಮಾತ್ರ ಕೆಲಸ ಮಾಡುತ್ತೆ. ಕೀ ತಡವಾಗಿ ಬಂದ್ರೆ, ಅಥವಾ ರಿಪೇರಿಗೆ ಅಂತ ಸರ್ವರ್ ಬದಲಿಸಿ ಹೊಸ ಸರ್ವರ್‌ನ ಡಿಜಿಟಲ್ ಸರ್ಟಿಫಿಕೇಟ್ (ಇದು ಸೆನ್ಸಾರ್‌ದಲ್ಲ, ಮಿಷನ್‌ನ ಗುರುತು) ಕಳಿಸದೇ ಇದ್ರೆ, ಫೈಲ್ ಒಳಗೇ ಇದ್ರೂ ಪ್ಲೇ ಆಗಲ್ಲ. ಆಗ ಆಪರೇಟರ್ ರೂಮಿನ ಬಾಗಿಲು ಬಡಿದು ಪ್ರಯೋಜನ ಇಲ್ಲ, ಕೀ ಬರಬೇಕಾದ್ದು ವಿತರಕರ ಕಡೆಯಿಂದ. ಟಿಕೆಟ್ ಹರಿದುಹಾಕದೆ ಜೇಬಲ್ಲಿಟ್ಕೊಳ್ಳಿ, ಆಟ ರದ್ದಾದ್ರೆ ದುಡ್ಡು ವಾಪಸ್ ಕೇಳೋಕೆ ಅದು ಬೇಕು.