ನ್ಯಾಯಾಲಯ ಯಾರಿಗೆ ತಿಳಿಯುವಂತೆ ಮಾತನಾಡುತ್ತದೆ?

ಕೇಳುಗರಿಗೆ ನಮಸ್ಕಾರ.

1670ನೆಯ ಇಸವಿಯ ಸೆಪ್ಟೆಂಬರ್ ತಿಂಗಳಿನಲ್ಲಿ ಲಂಡನ್ನಿನ ಓಲ್ಡ್ ಬೇಲಿ ನ್ಯಾಯಾಲಯದಲ್ಲಿ ವಿಲಿಯಂ ಪೆನ್ ಮತ್ತು ವಿಲಿಯಂ ಮೀಡ್ ಎಂಬಿಬ್ಬರ ವಿಚಾರಣೆ ನಡೆಯಿತು. ಗ್ರೇಸ್‌ಚರ್ಚ್ ಬೀದಿಯಲ್ಲಿ ಜನ ಸೇರಿ ಪೆನ್ ಧರ್ಮೋಪದೇಶ ಮಾಡಿದ್ದರಿಂದ ಶಾಂತಿಭಂಗವಾಯಿತು ಎಂಬುದು ಆರೋಪ. ಯಾವ ಕಾನೂನಿನ ಪ್ರಕಾರ ನನ್ನನ್ನು ಇಲ್ಲಿ ನಿಲ್ಲಿಸಿದ್ದೀರಿ ಎಂದು ಪೆನ್ ಕೇಳಿದಾಗ ‘ಕಾಮನ್ ಲಾ’, ಅಂದರೆ ನಾಡಿಗೆಲ್ಲ ಸಾಮಾನ್ಯವಾದ ರೂಢಿಯ ಕಾನೂನು, ಎಂಬ ಉತ್ತರ ಪೀಠದಿಂದ ಬಂತು. ಆ ಕಾನೂನು ಯಾವುದೆಂದು ತೋರಿಸಿ ಎಂದು ಆತ ಒತ್ತಾಯಿಸಿದಾಗ, ಮೂವತ್ತು ನಲವತ್ತು ವರ್ಷ ಓದಿ ತಿಳಿಯಬೇಕಾದದ್ದನ್ನು ಒಂದು ಗಳಿಗೆಯಲ್ಲಿ ಹೇಗೆ ಹೇಳಲಿ ಎಂದು ನ್ಯಾಯಾಧಿಕಾರಿ ರೇಗಿದರು. ಅಷ್ಟು ಕಷ್ಟದಿಂದ ತಿಳಿಯಬೇಕಾದ ಕಾನೂನು ಸಾಮಾನ್ಯವಾದದ್ದು ಹೇಗಾಯಿತು ಎಂಬರ್ಥದಲ್ಲಿ ಪೆನ್ ಮರುನುಡಿದ.

ಅಂದು ಜ್ಯೂರಿಯಾಗಿ, ಅಂದರೆ ಆರೋಪಿ ತಪ್ಪಿತಸ್ಥನೇ ಅಲ್ಲವೇ ಎಂದು ತೀರ್ಮಾನಿಸಲು, ಕುಳಿತಿದ್ದ ಹನ್ನೆರಡು ಮಂದಿ ಊರಿನ ಗೃಹಸ್ಥರು ಪೆನ್ ಬೀದಿಯಲ್ಲಿ ಮಾತನಾಡಿದ್ದು ನಿಜವೆಂದರೇ ಹೊರತು ಅದು ಅಪರಾಧವೆಂದು ಹೇಳಲಿಲ್ಲ. ಅನ್ನ, ನೀರು, ಬೆಂಕಿ ಯಾವುದೂ ಇಲ್ಲದೆ ಅವರನ್ನು ಕೂಡಿಹಾಕಿದರೂ ಅವರು ಮಾತು ಬದಲಿಸಲಿಲ್ಲ. ಸಿಟ್ಟಿಗೆದ್ದ ಪೀಠ ಅವರಿಗೇ ದಂಡ ವಿಧಿಸಿತು. ದಂಡ ಕಟ್ಟಲೊಪ್ಪದೆ ಸೆರೆಮನೆ ಸೇರಿದವರಲ್ಲಿ ಎಡ್ವರ್ಡ್ ಬುಶೆಲ್ ಎಂಬಾತನು ಹೇಬಿಯಸ್ ಕಾರ್ಪಸ್, ಅಂದರೆ ಸೆರೆ ಕಾನೂನುಬದ್ಧವೇ ಎಂದು ನ್ಯಾಯಾಲಯ ಪರೀಕ್ಷಿಸಬೇಕೆಂಬ ಅರ್ಜಿಯ, ಮೊರೆ ಹೋದಾಗ ಮುಖ್ಯ ನ್ಯಾಯಮೂರ್ತಿ ಜಾನ್ ವಾನ್ ಆತನನ್ನು ಬಿಡುಗಡೆ ಮಾಡಿ, ಜ್ಯೂರಿ ಕೊಟ್ಟ ತೀರ್ಪಿಗಾಗಿ ಅದನ್ನು ಶಿಕ್ಷಿಸುವಂತಿಲ್ಲ ಎಂದು ಬರೆದರು. ಸಾಕ್ಷ್ಯವನ್ನು ನ್ಯಾಯಾಧೀಶರ ಕಣ್ಣಿನಿಂದಲೇ ನೋಡಬೇಕಾದರೆ ಜ್ಯೂರಿ ಇದ್ದೂ ಪ್ರಯೋಜನವೇನು ಎಂಬುದು ಅವರ ತರ್ಕದ ತಿರುಳು.

ಈ ಪ್ರಕರಣವನ್ನು ಸಾಮಾನ್ಯವಾಗಿ ಜ್ಯೂರಿಯ ಸ್ವಾತಂತ್ರ್ಯದ ಕಥೆಯಾಗಿ ಹೇಳುತ್ತಾರೆ, ಅದು ಸರಿಯೂ ಹೌದು. ನನ್ನನ್ನು ಹೆಚ್ಚು ಕಾಡುವುದು ಪೆನ್ ಕೇಳಿದ ಪ್ರಶ್ನೆ. ಕಾನೂನು ಓದದವರನ್ನು ತೀರ್ಪು ಕೊಡಲು ಕೂರಿಸಿದರೆ ನ್ಯಾಯಾಲಯವು ಅವರಿಗೆ ತಿಳಿಯುವಂತೆ ಮಾತನಾಡಲೇಬೇಕಾಗುತ್ತದೆ. ಸಾಮಾನ್ಯರು ವಿದ್ವಾಂಸರಿಗಿಂತ ಚೆನ್ನಾಗಿ ನ್ಯಾಯ ಹೇಳುತ್ತಾರೆಯೇ ಎಂಬುದು ಮುಗಿಯದ ಚರ್ಚೆ. ಅವರ ಎದುರಿನಲ್ಲಿ ನ್ಯಾಯಾಲಯದ ಭಾಷೆ ಬದಲಾಗುತ್ತದೆ ಎಂಬುದಂತೂ ಬೇರೆ ಬೇರೆ ದೇಶಗಳ ಅನುಭವದಿಂದ ಕಾಣುತ್ತದೆ.

ಇಂಗ್ಲೆಂಡಿನಲ್ಲಿಯೇ ಈ ಬದಲಾವಣೆ ನಿಧಾನವಾಗಿ ಬಂದಿತು. ಬುಶೆಲ್ ಪ್ರಕರಣವಾಗಿ ಆರು ದಶಕ ಕಳೆದ ಮೇಲೆ, 1730ರ ಒಂದು ಶಾಸನದಿಂದ, ಅಲ್ಲಿನ ನ್ಯಾಯಾಲಯಗಳ ದಾಖಲೆಗಳು ಲ್ಯಾಟಿನ್ ಬಿಟ್ಟು ಇಂಗ್ಲಿಷಿನಲ್ಲಿ ಇರಬೇಕೆಂದಾಯಿತು. ತನ್ನ ಮೇಲಿನ ದೋಷಾರೋಪವನ್ನು ಇಂಗ್ಲೆಂಡಿನ ಪ್ರಜೆ ತನ್ನ ಭಾಷೆಯಲ್ಲಿ ಓದಲು ಅಲ್ಲಿಯವರೆಗೆ ಕಾಯಬೇಕಾಯಿತು ಎಂಬುದನ್ನು ಕನ್ನಡಿಗರಾದ ನಾವು ಗಮನಿಸಬೇಕು. ‘ಸಕಾರಣ ಸಂಶಯಕ್ಕೆ ಎಡೆಯಿಲ್ಲದಂತೆ’ ಅಪರಾಧ ರುಜುವಾತಾಗಬೇಕು ಎಂಬ ಪ್ರಸಿದ್ಧ ಸೂತ್ರವನ್ನು ಕೂಡ ಇಂದು ಅಲ್ಲಿನ ನ್ಯಾಯಾಧೀಶರು ಜ್ಯೂರಿಗೆ ಹೇಳುವಾಗ ಸಾಮಾನ್ಯವಾಗಿ ಬಳಸುವುದಿಲ್ಲ. ಆರೋಪಿಯೇ ತಪ್ಪಿತಸ್ಥನೆಂದು ನಿಮಗೆ ಖಚಿತವಾಗಿದೆಯೇ, ಖಚಿತವಾಗದಿದ್ದರೆ ಬಿಟ್ಟುಬಿಡಿ ಎಂದು ನೇರವಾಗಿ ಹೇಳುತ್ತಾರೆ.

ಯೂರೋಪಿನ ಇತರ ದೇಶಗಳು ಬೇರೆ ಹಾದಿ ಹಿಡಿದವು. ಜರ್ಮನಿಯಲ್ಲಿ 1924ರ ಸುಧಾರಣೆಯೊಂದಿಗೆ ಪ್ರತ್ಯೇಕವಾಗಿ ಕುಳಿತು ತೀರ್ಪು ಕೊಡುವ ಜ್ಯೂರಿ ಹೋಗಿ, ನ್ಯಾಯಾಧೀಶರ ಜೊತೆಯಲ್ಲಿಯೇ ಪೀಠವೇರುವ ‘ಶೋಫೆನ್’ ಎಂಬ ನಾಗರಿಕರು ಉಳಿದರು. ಅವರ ಮತಕ್ಕೂ ನ್ಯಾಯಾಧೀಶರ ಮತಕ್ಕೂ ಸಮಾನ ಬೆಲೆಯಿದೆ. ಮತ ಹಾಕುವಾಗ ಮೊದಲು ನಾಗರಿಕರು, ಬಳಿಕ ನ್ಯಾಯಾಧೀಶರು ಎಂಬ ಕ್ರಮವನ್ನು ಕಾನೂನೇ ವಿಧಿಸಿದೆ; ಬಲ್ಲವರ ಮಾತಿನ ಭಾರಕ್ಕೆ ಉಳಿದವರ ಅಭಿಪ್ರಾಯ ಬಾಗದಿರಲಿ ಎಂಬ ಈ ಎಚ್ಚರ ನನಗೆ ಬಹಳ ಹಿಡಿಸುತ್ತದೆ. ಫ್ರಾನ್ಸಿನಲ್ಲಿ ಘೋರ ಅಪರಾಧಗಳನ್ನು ವಿಚಾರಿಸುವ ಅಸೈಜ್ ನ್ಯಾಯಾಲಯದಲ್ಲಿ ಮೂವರು ನ್ಯಾಯಾಧೀಶರೊಂದಿಗೆ ಆರು ಮಂದಿ ನಾಗರಿಕರು ಕೂರುತ್ತಾರೆ, ಮೇಲ್ಮನವಿಯಲ್ಲಿ ಒಂಬತ್ತು ಮಂದಿ. ಆದರೆ ಅಲ್ಲಿ 2023ರಿಂದ ಹದಿನೈದರಿಂದ ಇಪ್ಪತ್ತು ವರ್ಷಗಳವರೆಗೆ ಶಿಕ್ಷೆಯಿರುವ ಅಪರಾಧಗಳನ್ನು ಐವರು ನ್ಯಾಯಾಧೀಶರೇ ವಿಚಾರಿಸುವ ವ್ಯವಸ್ಥೆ ದೇಶದಾದ್ಯಂತ ಬಂದಿರುವುದರಿಂದ ನಾಗರಿಕರ ಪಾಲು ಕಡಿಮೆಯಾಗಿದೆ.

ಈ ವಿಷಯದಲ್ಲಿ ಹೆಚ್ಚು ಹೊತ್ತು ನಿಂತು ನೋಡಬೇಕಾದ ದೇಶ ಜಪಾನ್. ಅಲ್ಲಿ 1928ರಿಂದ 1943ರವರೆಗೆ ಜ್ಯೂರಿ ಪದ್ಧತಿಯಿದ್ದು ಯುದ್ಧಕಾಲದಲ್ಲಿ ನಿಂತುಹೋಯಿತು. ಮುಂದೆ ಆರು ದಶಕಗಳಿಗೂ ಹೆಚ್ಚು ಕಾಲ ವೃತ್ತಿನಿರತ ನ್ಯಾಯಾಧೀಶರೇ ಎಲ್ಲವನ್ನೂ ತೀರ್ಮಾನಿಸಿದರು. ವಿಚಾರಣೆಯ ಜೀವ ಕಟಕಟೆಯಲ್ಲಿ ಆಡಿದ ಮಾತಿಗಿಂತ ಕಡತದಲ್ಲಿತ್ತು. ಪೊಲೀಸರೂ ಸರ್ಕಾರಿ ಅಭಿಯೋಜಕರೂ ಬರೆದುಕೊಂಡ ಹೇಳಿಕೆಗಳ ಕಟ್ಟುಗಳನ್ನು ನ್ಯಾಯಾಧೀಶರು ತಮ್ಮ ಕೊಠಡಿಯಲ್ಲಿ ಓದಿ ಮನಸ್ಸು ಮಾಡುತ್ತಿದ್ದರು. ಒಂದು ದಿನ ವಿಚಾರಣೆ, ಮತ್ತೆ ತಿಂಗಳೊಂದರ ವಾಯಿದೆ, ಹೀಗೆ ಸಾಗುತ್ತಿದ್ದ ಕ್ರಮವನ್ನು ಅಲ್ಲಿನವರು ಮಳೆಗಾಲದ ಆರಂಭದಲ್ಲಿ ಬಿಟ್ಟು ಬಿಟ್ಟು ಹನಿಯುವ ಸೋನೆಮಳೆಗೆ ಹೋಲಿಸುತ್ತಿದ್ದರು.

2004ರಲ್ಲಿ ಕಾನೂನು ಮಾಡಿ, 2009ರ ಮೇ 21ರಿಂದ ‘ಸೈಬಾನ್‌ಇನ್’ ಎಂಬ ಹೊಸ ಪದ್ಧತಿಯನ್ನು ಜಾರಿಗೆ ತಂದರು. ಕೊಲೆಯಂತಹ ಗಂಭೀರ ಪ್ರಕರಣಗಳಲ್ಲಿ ಮೂವರು ನ್ಯಾಯಾಧೀಶರೊಂದಿಗೆ ಮತದಾರರ ಪಟ್ಟಿಯಿಂದ ಚೀಟಿಯೆತ್ತಿ ಆರಿಸಿದ ಆರು ಮಂದಿ ಕೂರುತ್ತಾರೆ. ಶಿಕ್ಷೆ ವಿಧಿಸಲು ಬಹುಮತ ಬೇಕು, ಆ ಬಹುಮತದಲ್ಲಿ ಒಬ್ಬ ನ್ಯಾಯಾಧೀಶರಾದರೂ ಒಬ್ಬ ನಾಗರಿಕರಾದರೂ ಇರಲೇಬೇಕು. ಅಂಗಡಿ ಬಾಗಿಲು ಹಾಕಿ ಬಂದವರನ್ನೂ ಮಕ್ಕಳನ್ನು ನೆರೆಮನೆಯಲ್ಲಿ ಬಿಟ್ಟು ಬಂದವರನ್ನೂ ತಿಂಗಳುಗಟ್ಟಲೆ ಅಲೆಸುವಂತಿಲ್ಲವಾದ್ದರಿಂದ ವಿಚಾರಣೆಯನ್ನು ದಿನದಿಂದ ದಿನಕ್ಕೆ ಎಡೆಬಿಡದೆ ನಡೆಸಬೇಕಾಯಿತು. ಯಾವ ಅಂಶ ವಿವಾದದಲ್ಲಿದೆ, ಯಾವುದು ಇಲ್ಲ ಎಂಬುದನ್ನು ವಕೀಲರೂ ಅಭಿಯೋಜಕರೂ ಮೊದಲೇ ಕುಳಿತು ಬೇರ್ಪಡಿಸಬೇಕಾಯಿತು. ಕಟ್ಟುಗಳನ್ನು ಓದಿಕೊಳ್ಳಿ ಎನ್ನಲಾಗದೆ ಎಲ್ಲವನ್ನೂ ಬಾಯಿಬಿಟ್ಟು ಹೇಳಬೇಕಾಯಿತು. ಅಲ್ಲಿನ ವಕೀಲರ ಒಕ್ಕೂಟವು ಭಾಷಾತಜ್ಞರನ್ನೂ ಸೇರಿಸಿಕೊಂಡು ಕಾನೂನಿನ ಪದಗಳನ್ನು ತಿಳಿಗನ್ನಡದಂತಹ ತಿಳಿಜಪಾನಿಯಲ್ಲಿ ಬಿಡಿಸಿಟ್ಟಿತು. ಕೊಲ್ಲಬೇಕೆಂಬ ಸ್ಪಷ್ಟ ಉದ್ದೇಶವಿಲ್ಲದಿದ್ದರೂ ‘ಸತ್ತರೆ ಸಾಯಲಿ’ ಎಂಬ ಮನಸ್ಸಿನಿಂದ ಮಾಡಿದ ಕೃತ್ಯಕ್ಕೆ ಅಲ್ಲಿನ ಶಾಸ್ತ್ರದಲ್ಲಿ ಒಂದು ಬಿಗಿಯಾದ ಪಾರಿಭಾಷಿಕ ಪದವಿದೆ. ಅದನ್ನು ಈಗ ನಾನು ಹೇಳಿದಷ್ಟು ಸರಳವಾಗಿ ಹೇಳಲು ಬಲ್ಲವರೆಲ್ಲ ಕುಳಿತು ಯೋಚಿಸಬೇಕಾಯಿತು.

ಇದಕ್ಕೆ ಬೆಲೆ ತೆರದೆ ಇಲ್ಲ. ಕೊಲೆಯಾದವರ ಛಾಯಾಚಿತ್ರಗಳನ್ನು ನೋಡಿ ಮನಸ್ಸು ಕೆಟ್ಟಿತೆಂದು 2013ರಲ್ಲಿ ಸೈಬಾನ್‌ಇನ್ ಆಗಿ ಕುಳಿತಿದ್ದ ಮಹಿಳೆಯೊಬ್ಬರು ಸರ್ಕಾರದ ವಿರುದ್ಧ ಪರಿಹಾರದ ದಾವೆ ಹೂಡಿದರು. ಸಮಾಲೋಚನೆಯ ವಿವರವನ್ನು ಜೀವಮಾನವಿಡೀ ಯಾರಲ್ಲಿಯೂ ಹೇಳಬಾರದೆಂಬ ಕಟ್ಟು ಆ ನಾಗರಿಕರಿಗಿದೆ, ಮನೆಯವರಲ್ಲಿಯೂ ಹೇಳುವಂತಿಲ್ಲ. ಆ ನಿಯಮವನ್ನು ಸಡಿಲಿಸಬೇಕೆಂದೇ ನನ್ನ ಅಭಿಪ್ರಾಯ.

ಇನ್ನು ನಮ್ಮ ದೇಶ. ನಾನಾವತಿ ಪ್ರಕರಣದಿಂದ ಭಾರತದಲ್ಲಿ ಜ್ಯೂರಿ ಹೋಯಿತು ಎಂಬ ಮಾತು ಪ್ರಚಾರದಲ್ಲಿದೆಯಾದರೂ, ಅದಕ್ಕೆ ಮೊದಲೇ, 1958ರಲ್ಲಿಯೇ, ಕಾನೂನು ಆಯೋಗವು ತನ್ನ ಹದಿನಾಲ್ಕನೆಯ ವರದಿಯಲ್ಲಿ ಜ್ಯೂರಿಯನ್ನು ರದ್ದುಪಡಿಸಲು ಶಿಫಾರಸು ಮಾಡಿತ್ತು. 1959ರಲ್ಲಿ, ಒಬ್ಬರನ್ನು ಗುಂಡಿಟ್ಟು ಕೊಂದ ಆರೋಪ ಹೊತ್ತ ನೌಕಾಪಡೆಯ ಅಧಿಕಾರಿ ನಾನಾವತಿಯವರನ್ನು ಬೊಂಬಾಯಿಯ ಜ್ಯೂರಿ ಎಂಟಕ್ಕೆ ಒಂದು ಮತದಿಂದ ನಿರ್ದೋಷಿಯೆಂದಿತು. ಸೆಷನ್ಸ್ ನ್ಯಾಯಾಧೀಶರು ಅದನ್ನೊಪ್ಪದೆ ಹೈಕೋರ್ಟಿಗೆ ಕಳುಹಿಸಿದರು. ಹೈಕೋರ್ಟು ಶಿಕ್ಷೆ ವಿಧಿಸಿತು, 1961ರಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. ಪತ್ರಿಕೆಗಳ ಪ್ರಚಾರಕ್ಕೆ ಜ್ಯೂರಿ ಮರುಳಾಯಿತೆಂಬುದು ಜನಜನಿತ ಕಥೆ. ಮೇಲಿನ ನ್ಯಾಯಾಲಯಗಳು ಕಂಡ ದೊಡ್ಡ ದೋಷ ಬೇರೆಯದೇ ಆಗಿತ್ತು: ಕಾನೂನನ್ನು ಜ್ಯೂರಿಗೆ ವಿವರಿಸುವಲ್ಲಿ ನ್ಯಾಯಾಧೀಶರೇ ತಪ್ಪಿದ್ದರು. ಗುಂಡು ಆಕಸ್ಮಿಕವಾಗಿ ಹಾರಿತೆಂದು ವಾದಿಸುವ ಆರೋಪಿಯೇ ಆ ವಿನಾಯಿತಿಯನ್ನು ರುಜುವಾತು ಮಾಡಬೇಕು ಎಂಬ ಮುಖ್ಯ ಮಾತನ್ನೇ ಜ್ಯೂರಿಗೆ ಹೇಳಿರಲಿಲ್ಲ. ಮುಂದೆ 1973ರ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಜ್ಯೂರಿಗೆ ಜಾಗವೇ ಉಳಿಯಲಿಲ್ಲ. ಪಂಚನಾಮೆಗೆ ರುಜು ಹಾಕಲು ಬರುವ ಪಂಚರು ಇಂದಿಗೂ ಊರಿನ ಸಾಮಾನ್ಯರೇ, ಆದರೆ ಅವರು ಸಾಕ್ಷಿಗಳು, ತೀರ್ಪುಗಾರರಲ್ಲ.

ಹಾಗಾದರೆ ನಮ್ಮ ನ್ಯಾಯಾಲಯದಲ್ಲಿ ಕಾನೂನು ಓದದ ಯಾರಿಗೆ ನ್ಯಾಯಾಧೀಶರು ವಿವರಿಸಿ ಹೇಳಬೇಕು? ಅಂತಹ ಒಬ್ಬರು ಉಳಿದಿದ್ದಾರೆ, ಅವರು ಆರೋಪಿ. ಅಭಿಯೋಜನೆಯ ಸಾಕ್ಷ್ಯ ಮುಗಿದ ಮೇಲೆ, ಅದರಲ್ಲಿ ತನಗೆ ವಿರುದ್ಧವಾಗಿ ಬಂದ ಒಂದೊಂದು ಅಂಶವನ್ನೂ ನ್ಯಾಯಾಧೀಶರು ಆರೋಪಿಗೆ ತಾವೇ ತಿಳಿಸಿ, ನೀನು ಏನು ಹೇಳುತ್ತೀಯೆ ಎಂದು ಕೇಳಬೇಕು. ಹಳೆಯ ಸಂಹಿತೆಯ ಕಲಮಿನ ಸಂಖ್ಯೆಯಿಂದ ವಕೀಲರಲ್ಲಿ ‘ಮುನ್ನೂರ ಹದಿಮೂರರ ಹೇಳಿಕೆ’ ಎಂದು ಹೆಸರಾಗಿದ್ದ ಇದು 2024ರ ಜುಲೈ 1ರಿಂದ ಜಾರಿಯಲ್ಲಿರುವ ಹೊಸ ಸಂಹಿತೆಯಲ್ಲಿ 351ನೆಯ ಕಲಮಾಗಿದೆ. ಹೈಕೋರ್ಟಿನ ವ್ಯವಹಾರ ಸಂವಿಧಾನದ 348ನೆಯ ವಿಧಿಯ ಪ್ರಕಾರ ಇಂಗ್ಲಿಷಿನಲ್ಲಿ ನಡೆಯುತ್ತದೆಯಾದರೂ, ನಮ್ಮ ಜಿಲ್ಲೆ ತಾಲ್ಲೂಕುಗಳ ನ್ಯಾಯಾಲಯಗಳಲ್ಲಿ ಈ ಪ್ರಶ್ನೋತ್ತರಕ್ಕೆ ಕನ್ನಡವಿದೆ. ಇಪ್ಪತ್ತು ಸಾಕ್ಷಿಗಳ ಹೇಳಿಕೆಯನ್ನು ಒಂದೇ ಉಸಿರಿನ ವಾಕ್ಯವಾಗಿ ಹೆಣೆದು, ಕೊನೆಯಲ್ಲಿ ‘ಇದಕ್ಕೇನು ಹೇಳುತ್ತೀ’ ಎಂದರೆ ಯಾರಿಗಾದರೂ ತೋಚುವ ಉತ್ತರ ‘ಸುಳ್ಳು’ ಅಥವಾ ‘ಗೊತ್ತಿಲ್ಲ’ ಎಂಬುದೊಂದೇ. 1951ರಲ್ಲಿ ತಾರಾ ಸಿಂಗ್ ಪ್ರಕರಣದಲ್ಲಿಯೇ ಸುಪ್ರೀಂ ಕೋರ್ಟು ಇದನ್ನು ಕಂಡು, ಸಂಗತಿಗಳನ್ನು ಉದ್ದಕ್ಕೆ ಪೋಣಿಸಿ ಕೇಳಿದರೆ ಸಾಲದು, ಒಂದೊಂದನ್ನೂ ಬೇರೆ ಬೇರೆಯಾಗಿ, ಓದುಬರಹ ಬಾರದವರಿಗೂ ಅರ್ಥವಾಗುವ ಮಾತಿನಲ್ಲಿ ಕೇಳಬೇಕು ಎಂದು ಹೇಳಿತು.

ನಮಸ್ಕಾರ.